ಎರಡನೇ ಸಲ ಬರಲ್ಲ ಅಂದವರು

ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು. 'ಮೇಡಂ, ನಾಳೆ ಬರೋಕಾಗಲ್ಲ, ಸ್ವಲ್ಪ ಬ್ಯುಸಿ. ಆಮೇಲೆ ನಾನೇ ಹೇಳ್ತೀನಿ.' ಈ 'ಆಮೇಲೆ ಹೇಳ್ತೀನಿ' ಅಂದರೆ ಏನು ಅಂತ ನಮ್ಮ ಆಪ್ತಸಲಹೆಯ ಕೆಲಸದಲ್ಲಿ ಇರುವ ಎಲ್ಲರಿಗೂ ಗೊತ್ತು. ಅವರು ಇನ್ನು ಬರುವುದಿಲ್ಲ.

ಆಕೆಗೆ 32 ವರ್ಷ. ಲೆಕ್ಕಪತ್ರ ನೋಡುವ ಕೆಲಸ. (ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.) ಐದು ತಿಂಗಳಿಂದ ರಾತ್ರಿ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಆಫೀಸಿಗೆ ಹೊಸ ಮ್ಯಾನೇಜರ್ ಬಂದ ಮೇಲೆ ಶುರುವಾದದ್ದು. ಹಿಂದೆ ಯಾವ ಆಪ್ತಸಲಹೆಗಾರರ ಹತ್ತಿರವೂ ಹೋದವರಲ್ಲ.

ಕೂತ ತಕ್ಷಣ ಕೇಳಿದ್ದು, "ಒಟ್ಟು ಎಷ್ಟು ಸಲ ಬರಬೇಕಾಗುತ್ತೆ?" ನ್ಯಾಯವಾದ ಪ್ರಶ್ನೆ. ಪ್ರತಿ ಭೇಟಿಗೂ ಕೈಯಿಂದ ದುಡ್ಡು ಕೊಡುವವರು ಕೇಳಲೇಬೇಕು. ಯೋಚನೆ ಮತ್ತು ನಡವಳಿಕೆಯ ಮೇಲೆ ಕೆಲಸ ಮಾಡುವ ಸಿಬಿಟಿಯಂಥ ವಿಧಾನದಲ್ಲಿ ಸಾಮಾನ್ಯವಾಗಿ 6ರಿಂದ 20 ಭೇಟಿ ಹಿಡಿಯುತ್ತದೆ. ಆದರೆ ಮೊದಲ ದಿನವೇ ಖಚಿತ ಸಂಖ್ಯೆ ಹೇಳಿದರೆ ಅದು ಸುಳ್ಳಾಗುತ್ತದೆ. "ನಾಲ್ಕು ಸಲ ಬನ್ನಿ, ಆಮೇಲೆ ಇಬ್ಬರೂ ಕೂತು ನೋಡೋಣ" ಅಂದೆ.

ಮೊದಲ ಭೇಟಿಯ ಅರ್ಧ ಹೊತ್ತು ಹೀಗೇ ಹೋಗುತ್ತದೆ. ಬಂದವರಿಗೆ ಇದು ಬೇಸರ. ಮನಸ್ಸಿನಲ್ಲಿ ಇರುವುದನ್ನೆಲ್ಲ ಸುರಿದುಬಿಡಬೇಕು ಅಂತ ಬಂದಿರುತ್ತಾರೆ, ನಾವು ಫಾರಂ ಮುಂದಿಡುತ್ತೇವೆ. ಆಡಿದ ಮಾತು ಹೊರಗೆ ಹೋಗುವುದಿಲ್ಲ ಎನ್ನುತ್ತೇವೆ, ಹಾಗೆ ಹೇಳುತ್ತಲೇ ಯಾವಾಗ ಹೋಗಬಹುದು ಅನ್ನುವುದನ್ನೂ ಹೇಳುತ್ತೇವೆ: ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಕಂಡರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ಕೋರ್ಟ್ ಕೇಳಿದರೆ. ಇದನ್ನು ಮೊದಲೇ ಹೇಳದ ಸಲಹೆಗಾರರ ಬಗ್ಗೆ ನನಗೆ ಅನುಮಾನ.

ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ ಕೊಟ್ಟೆ. ಕಳೆದ ಎರಡು ವಾರದಲ್ಲಿ ಹೇಗಿದ್ದಿರಿ ಅಂತ ಕೇಳುವ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ. ಆಕೆಗೆ 13 ಬಂತು. 10ರಿಂದ 14 ಅಂದರೆ ಮಧ್ಯಮ ಮಟ್ಟದ ಖಿನ್ನತೆಯ ಸೂಚನೆ. ಸೂಚನೆ ಅಷ್ಟೇ, ಇಷ್ಟರಿಂದಲೇ ಕಾಯಿಲೆ ಅಂತ ತೀರ್ಮಾನಿಸುವಂತಿಲ್ಲ. ಥೈರಾಯ್ಡ್ ತೊಂದರೆ, ರಕ್ತಹೀನತೆ ಇದ್ದರೂ ಸುಸ್ತು, ಮಂಕು ಹೀಗೇ ಕಾಣಬಹುದು. ಅದಕ್ಕೇ ಒಮ್ಮೆ ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಅಂದೆ. ಎಲ್ಲ ಸರಿಯಾಗಿಯೇ ಬಂತು. ಮಾತ್ರೆ ಬೇಕಾದರೆ ಅದು ಮನೋವೈದ್ಯರ ಕೆಲಸ, ನಮ್ಮದಲ್ಲ.

ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅಲ್ಲಿ ಆಕೆ 1 ಅಂತ ಗುರುತು ಹಾಕಿದ್ದರು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದುಬಿಡುತ್ತದೆ ಅಂತ ಅನೇಕರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ನೇರವಾಗಿಯೇ ಕೇಳಿದೆ. "ಬೆಳಿಗ್ಗೆ ಎದ್ದೇಳದಿದ್ರೆ ಚೆನ್ನಾಗಿತ್ತು ಅಂತ ಒಂದೆರಡು ಸಲ ಅನ್ನಿಸಿದೆ, ಅಷ್ಟೇ" ಅಂದರು. ಯೋಜನೆ, ಸಿದ್ಧತೆ ಏನೂ ಇರಲಿಲ್ಲ. ಅದು ಜಾಸ್ತಿಯಾದರೆ ಯಾರಿಗೆ ಫೋನ್ ಮಾಡಬೇಕು, ಯಾವಾಗ ಕಾಯದೆ ಆಸ್ಪತ್ರೆಗೆ ಹೋಗಬೇಕು ಅಂತ ಇಬ್ಬರೂ ಕೂತು ಬರೆದುಕೊಂಡೆವು.

ಇಷ್ಟಾಗುವಾಗ 40 ನಿಮಿಷ. ಆಗ ಅಕ್ಕನ ಮಾತು ಬಂತು. ವರ್ಷದಿಂದ ಮಾತಿಲ್ಲ ಅಂತ ಹೇಳುತ್ತ ಹೇಳುತ್ತ ಅಳು ಶುರುವಾಯಿತು. 50ನೇ ನಿಮಿಷಕ್ಕೆ ನಾನು ಗಡಿಯಾರದ ಕಡೆ ನೋಡಿ, "ಇವತ್ತಿಗೆ ನಿಲ್ಲಿಸೋಣ" ಅಂದೆ. ಹೊರಗೆ ಇನ್ನೊಬ್ಬರು ಕಾಯುತ್ತಿದ್ದರು. ಅದು ನನ್ನ ಕಾರಣ. ಆಕೆಗೆ ಅದು ಹೇಗೆ ಗೊತ್ತಾಗಬೇಕು?

ನಾಲ್ಕು ದಿನ ಬಿಟ್ಟು ಆ ಮೆಸೇಜ್. ಒಂಬತ್ತನೇ ಪ್ರಶ್ನೆಯ ಆ 1 ನನ್ನ ತಲೆಯಲ್ಲಿ ಇಲ್ಲದಿದ್ದರೆ 'ಸರಿ' ಅಂತ ಬರೆದು ಸುಮ್ಮನಾಗುತ್ತಿದ್ದೆನೋ ಏನೋ. ಆ ರಾತ್ರಿಯೇ ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳಿದೆ. "ಹಾಗೇನಿಲ್ಲ ಮೇಡಂ, ಆ ಯೋಚನೆ ಬಂದಿಲ್ಲ." ಆಮೇಲೆ ಹೇಳಿದೆ: "ನಿಲ್ಲಿಸುವುದು ನಿಮ್ಮ ಇಷ್ಟ. ನಿಲ್ಲಿಸೋಕಾದರೂ ಒಮ್ಮೆ ಬನ್ನಿ. ಯಾಕೆ ಅಂತ ಹೇಳಿ ಹೋಗಿ."

ಬಂದರು. ಇಪ್ಪತ್ತು ನಿಮಿಷ ಮ್ಯಾನೇಜರ್ ಬಗ್ಗೆ ಮಾತಾಡಿದರು. ಆಮೇಲೆ ನೆಲ ನೋಡುತ್ತ, "ನಾನು ಅಳ್ತಾ ಇದ್ದಾಗ ನೀವು ಗಡಿಯಾರ ನೋಡಿದ್ರಿ" ಅಂದರು.

ಸಮಯದ ಶಿಸ್ತಿನ ಬಗ್ಗೆ ಒಂದು ಪಾಠ ಹೇಳಬಹುದಿತ್ತು. 50 ನಿಮಿಷದ ಮಿತಿಗೆ ಒಳ್ಳೆಯ ಕಾರಣಗಳೂ ಇವೆ. ಆದರೆ ಆಕೆಯ ದೂರು ನಿಜ. ಹತ್ತು ನಿಮಿಷ ಮೊದಲೇ 'ಇಷ್ಟೇ ಸಮಯ ಉಳಿದಿದೆ' ಅನ್ನಬೇಕಿತ್ತು, ಅನ್ನಲಿಲ್ಲ. "ಅದು ನನ್ನ ತಪ್ಪು. ನೀವು ಹೇಳಿದ್ದು ಒಳ್ಳೆಯದಾಯಿತು" ಅಂದೆ. ಆಕೆ ನನ್ನ ಮುಖವನ್ನೇ ನೋಡಿದರು. ಬೈಗುಳ ಬರುತ್ತದೆ ಅಂತ ಕಾದವರ ಹಾಗೆ.

ಆಮೇಲೆ ಕೇಳಿದೆ, "ಹೀಗೆ ಬೇಜಾರಾದಾಗ ಸಾಮಾನ್ಯವಾಗಿ ಏನು ಮಾಡ್ತೀರಿ?" ಉತ್ತರ ಬರಲು ತುಂಬ ಹೊತ್ತು ಹಿಡಿಯಿತು. ಹಿಂದೆ ಎರಡು ಕೆಲಸ ಬಿಟ್ಟಿದ್ದರು, ಎರಡು ಕಡೆಯೂ 'ವೈಯಕ್ತಿಕ ಕಾರಣ' ಅಂತ ಬರೆದು. ಅಕ್ಕ ಆಡಿದ ಒಂದು ಮಾತಿಗೆ ನೊಂದು, ಏನು ನೋವಾಯಿತು ಅಂತ ಹೇಳದೆಯೇ ಫೋನ್ ಎತ್ತುವುದನ್ನು ನಿಲ್ಲಿಸಿದ್ದರು. ಈಗ ನನ್ನ ಸರದಿ. ಮೂರು ಗಂಟೆಗೆ ಎಚ್ಚರವಾದಾಗ ತಲೆಯಲ್ಲಿ ಓಡುವುದೂ ಇದೇ: ಮ್ಯಾನೇಜರಿಗೆ ಹಗಲು ಹೇಳದೆ ಉಳಿದ ಮಾತುಗಳು.

ನಿಜ ಹೇಳಬೇಕೆಂದರೆ, ನಮ್ಮ ಕೆಲಸ ಶುರುವಾದದ್ದು ಆ ಗಡಿಯಾರದ ಮಾತಿನಿಂದ. 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಎಂಬ ಮನಶ್ಶಾಸ್ತ್ರಜ್ಞರು ಸಲಹೆಗಾರರು ಮತ್ತು ಬಂದವರ ನಡುವಿನ ನಂಟಿನಲ್ಲಿ ಮೂರು ಅಂಶ ಗುರುತಿಸಿದರು: ಗುರಿ ಏನು ಅನ್ನುವುದರಲ್ಲಿ ಒಪ್ಪಿಗೆ, ಅದಕ್ಕೆ ಏನು ಮಾಡಬೇಕು ಅನ್ನುವುದರಲ್ಲಿ ಒಪ್ಪಿಗೆ, ಇಬ್ಬರ ನಡುವೆ ನಂಬಿಕೆ. ಫಾರಂ ತುಂಬಿಸುವ ಗಡಿಬಿಡಿಯಲ್ಲಿ ನಾನು ಈ ಮೂರನೆಯದನ್ನು ಮರೆತಿದ್ದೆ.

ಕೊಟ್ಟ ಸಲಹೆ ದೊಡ್ಡದೇನಲ್ಲ. ಒಂದು, ಪ್ರತಿ ಭೇಟಿಯ ಕೊನೆಯ ಐದು ನಿಮಿಷ ನನ್ನ ಬಗ್ಗೆ: ಇವತ್ತು ಏನು ಇಷ್ಟವಾಗಲಿಲ್ಲ, ಹೇಳಲೇಬೇಕು. ಮೊದಮೊದಲು "ಎಲ್ಲ ಚೆನ್ನಾಗಿತ್ತು ಮೇಡಂ" ಅನ್ನುತ್ತಿದ್ದರು. ಐದನೇ ಸಲಕ್ಕೆ "ನೀವು ಜಾಸ್ತಿ ಮಾತಾಡಿದ್ರಿ" ಅಂದರು. ಎರಡು, ರಾತ್ರಿ ಎಚ್ಚರವಾಗಿ ಬಹಳ ಹೊತ್ತು ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಬೇರೆ ಕಡೆ ಕೂತು, ನಿದ್ದೆ ತೂಗಿದಾಗ ಮರಳುವುದು. ಮೂರು, ಮ್ಯಾನೇಜರಿಗೆ ಹೇಳಬೇಕಾದ ಒಂದೇ ವಾಕ್ಯವನ್ನು ಬರೆದು, ನನ್ನ ಮುಂದೆ ಜೋರಾಗಿ ಹೇಳಿ ನೋಡುವುದು. ಆ ವಾಕ್ಯ ಆಫೀಸಿಗೆ ತಲುಪಲು ಏಳು ವಾರ ಬೇಕಾಯಿತು. ನಡುವೆ ಎರಡು ವಾರ ಪ್ರಶ್ನಾವಳಿಯ ಅಂಕ ಏರಿತ್ತು, ಕೆಳಗಿಳಿಯುತ್ತಲೇ ಹೋಗಲಿಲ್ಲ. ಮುಚ್ಚಿಟ್ಟದ್ದನ್ನು ತೆರೆದಾಗ ಮೊದಲು ನೋವು ಹೆಚ್ಚುವುದೂ ಉಂಟು.

ಖಾಸಗಿಯಾಗಿ ಸಲಹೆಗಾರರನ್ನು ಹುಡುಕುವವರಿಗೆ ಇಲ್ಲೇ ಒಂದು ಮಾತು. ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಳ್ಳಲು ಎಷ್ಟೋ ಕಡೆ ಕಾನೂನಿನ ಅಡ್ಡಿಯೇ ಇಲ್ಲ. ಹಾಗಾಗಿ ಏನು ಓದಿದ್ದೀರಿ, ನಿಮ್ಮ ಕೆಲಸವನ್ನು ಹಿರಿಯರು ಯಾರಾದರೂ ನೋಡಿ ತಿದ್ದುತ್ತಾರಾ, ಭೇಟಿ ರದ್ದು ಮಾಡಿದರೆ ದುಡ್ಡು ಕೊಡಬೇಕಾ ಅಂತ ಫೋನಿನಲ್ಲೇ ಕೇಳಿ. ಸಂಕೋಚ ಬೇಡ. ಪ್ರಶ್ನೆಗೆ ಸಿಟ್ಟಾದರೆ ಅಲ್ಲಿಗೆ ಹೋಗಬೇಡಿ. ಹೋದ ಮೇಲೆ ಹೊಂದಿಕೆ ಆಗದಿದ್ದರೆ ಬಿಡಬಹುದು, ಅದರಲ್ಲಿ ತಪ್ಪೇನಿಲ್ಲ. ಬಿಡುವ ಮೊದಲು ಒಮ್ಮೆ ಹೇಳಿ ನೋಡಿ.

ಅಕ್ಕನ ವಿಷಯ ಇನ್ನೂ ಬಗೆಹರಿದಿಲ್ಲ. ಒಮ್ಮೆ ಫೋನ್ ಮಾಡಿದರು, ಮಾತು ಕೆಟ್ಟು ಇಬ್ಬರೂ ಇಟ್ಟರು. ನಿದ್ದೆ ಮಾತ್ರ ಬಹಳ ಮಟ್ಟಿಗೆ ಮರಳಿದೆ, ಅಂಕ 5ಕ್ಕೆ ಇಳಿದಿದೆ, ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಗಡಿಯಾರವನ್ನು ಈಗ ಇಬ್ಬರಿಗೂ ಕಾಣುವ ಗೋಡೆಗೆ ಹಾಕಿದ್ದೇನೆ.

ಹದಿನಾಲ್ಕನೇ ಭೇಟಿಗೆ ನಾನೇ ತಡವಾಗಿ ಬಂದೆ. ಆಕೆ ಗೋಡೆ ಕಡೆ ನೋಡಿದರು. "ಮೇಡಂ, ನಾಲ್ಕು ನಿಮಿಷ ಲೇಟು. ಕೊನೆಯಲ್ಲಿ ಸೇರಿಸಿ ಕೊಡ್ತೀರಾ?"

ಕೊಟ್ಟೆ.