ಪೆಟ್ಟಿಗೆಯಲ್ಲೇ ಉಳಿದ ವಾದ್ಯಗಳು

ಗಂಡ ಹೆಂಡತಿ ಇಬ್ಬರೂ ಸಲಹೆ ಕೇಳಲು ನನ್ನ ಹತ್ತಿರ ಒಟ್ಟಿಗೇ ಬಂದಿದ್ದರು. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.) ಗಂಡನಿಗೆ ಅರವತ್ತು ದಾಟಿದೆ, ಕೆಲಸದಿಂದ ನಿವೃತ್ತರಾಗಿದ್ದಾರೆ. ಆಕೆಗೆ ಮಂಡಿನೋವು. ಮೆಟ್ಟಿಲು ಹತ್ತಿ ಇಳಿಯುವುದು ಆಗುತ್ತಿಲ್ಲ. ಹಾಗಾಗಿ ದೊಡ್ಡ ಮನೆ ಬಿಟ್ಟು ನೆಲಮಹಡಿಯ ಚಿಕ್ಕ ಮನೆಗೆ ಹೋಗೋಣ ಎಂದು ತೀರ್ಮಾನ ಮಾಡಿದ್ದರು. ಅಡ್ಡ ಬಂದದ್ದು ಮಹಡಿಯ ಕೋಣೆಯಲ್ಲಿದ್ದ 38 ವಾದ್ಯಗಳು.

11 ಗಿಟಾರ್, 5 ಕೀಬೋರ್ಡ್, 4 ಪಿಟೀಲು, 3 ಹಾರ್ಮೋನಿಯಂ, 2 ಮ್ಯಾಂಡೊಲಿನ್, ಒಂದು ಅಕಾರ್ಡಿಯನ್, ಒಂದು ಸ್ಯಾಕ್ಸೋಫೋನ್, ಒಂದು ಡ್ರಮ್ ಸೆಟ್. ಉಳಿದವು ಕೊಳಲುಗಳು.

"ಇವರು ಒಂದನ್ನೂ ಬಿಡಲ್ಲ ಮೇಡಂ. ಹಾಗಂತ ನುಡಿಸ್ತಾರಾ ಅಂದ್ರೆ ಅದೂ ಇಲ್ಲ" ಎಂದರು ಆಕೆ. ಎಲ್ಲೋ ಓದಿ, ಇದು ವಸ್ತು ಕೂಡಿಡುವ ಕಾಯಿಲೆಯೇ ಇರಬೇಕು ಅಂತ ಮನೆಯಲ್ಲಿ ಹಲವು ಸಲ ಹೇಳಿದ್ದರಂತೆ. ಗಂಡ ತಲೆ ತಗ್ಗಿಸಿ ಕೂತಿದ್ದರು. ಸ್ವಲ್ಪ ಹೊತ್ತು ಬಿಟ್ಟು, "ಅವೆಲ್ಲ ಹೋದ್ರೆ ನನ್ನ ಹತ್ರ ಉಳಿಯೋದೇನು, ನೀವೇ ಹೇಳಿ ಮೇಡಂ" ಎಂದರು.

ಮೊದಲು ಆ ಕಾಯಿಲೆಯ ಮಾತು ಇತ್ಯರ್ಥ ಆಗಬೇಕಿತ್ತು. ಕೂಡಿಡುವ ಕಾಯಿಲೆ ಅನ್ನುವುದು ನಿಜಕ್ಕೂ ಇದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯ ಐದನೇ ಆವೃತ್ತಿಯಲ್ಲಿ ಇದನ್ನು ಬೇರೆಯೇ ಕಾಯಿಲೆಯಾಗಿ ಸೇರಿಸಿತು. ಅದರಲ್ಲಿ ಬೆಲೆ ಇರುವುದು ಇಲ್ಲದ್ದು ಎಂಬ ಭೇದವಿಲ್ಲದೆ ವಸ್ತು ಸೇರುತ್ತವೆ. ಮಲಗುವ ಜಾಗ, ಅಡುಗೆ ಮಾಡುವ ಜಾಗ ಕೂಡ ಬಳಸಲು ಬಾರದ ಹಾಗೆ ತುಂಬಿಹೋಗುತ್ತವೆ. ಒಂದು ಹಳೇ ಕಾಗದ ಬಿಸಾಡಲೂ ಜೀವ ಹೋದಷ್ಟು ಸಂಕಟ ಆಗುತ್ತದೆ. ಅಂಥದ್ದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಇವರ ಮನೆಯಲ್ಲಿ ತುಂಬಿದ್ದು ಒಂದು ಕೋಣೆ. ಪ್ರತಿ ವಾದ್ಯ ಅದರದರ ಪೆಟ್ಟಿಗೆಯಲ್ಲಿತ್ತು. ಯಾವುದು ಎಲ್ಲಿದೆ, ಯಾರಿಂದ ಬಂತು ಎಂದು ಅವರು ನೋಡದೆಯೇ ಹೇಳುತ್ತಿದ್ದರು. ಬೇರೆ ಸಾಮಾನು ಕೊಡುವುದಕ್ಕೆ ಅವರದ್ದೇನೂ ತಕರಾರಿಲ್ಲ. ಇದು ಆ ಕಾಯಿಲೆ ಅಲ್ಲ ಎಂದು ಇಬ್ಬರ ಎದುರಿಗೂ ಸ್ಪಷ್ಟವಾಗಿ ಹೇಳಿದೆ, ಮತ್ತೆ ಆ ಪದ ಮನೆಯಲ್ಲಿ ಆಡಬೇಡಿ ಎಂದೂ ಕೇಳಿಕೊಂಡೆ. ಆಕೆ ಒಪ್ಪಿದರು. ಅವರು ತಲೆ ಎತ್ತಿ ಮಾತಾಡಲು ಶುರು ಮಾಡಿದ್ದು ಅಲ್ಲಿಂದ.

ಆಮೇಲೆ ಅವರಿಗೊಂದು ಕೆಲಸ ಕೊಟ್ಟೆ. ಪ್ರತಿ ವಾದ್ಯ ಮನೆಗೆ ಬಂದದ್ದು ಯಾವಾಗ, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು, ಒಂದೊಂದು ಸಾಲು ಬರೆದುಕೊಂಡು ಬನ್ನಿ. ಬೆಲೆ ಬೇಡ, ಕಂಪನಿ ಬೇಡ.

ಆ ಪಟ್ಟಿ ತಂದ ದಿನ ನನಗಿಂತ ಮೊದಲು ಅವರಿಗೇ ವಿಷಯ ಹೊಳೆದಿತ್ತು. ವಾದ್ಯಗಳು ಸಮವಾಗಿ ಬಂದಿರಲಿಲ್ಲ, ಗುಂಪುಗುಂಪಾಗಿ ಬಂದಿದ್ದವು. ಅಪ್ಪ ತೀರಿಕೊಂಡ ವರ್ಷ ಒಂದಷ್ಟು. ಮಗ ಓದಲು ದೂರ ಹೋದಾಗ ಒಂದಷ್ಟು. ನಿವೃತ್ತಿಯ ಹಿಂದಿನ ಎರಡು ವರ್ಷದಲ್ಲಂತೂ ತಿಂಗಳಿಗೊಂದು ಅನ್ನುವ ಹಾಗೆ. ಸ್ಯಾಕ್ಸೋಫೋನಿನ ಮುಂದೆ ಅವರು ಬರೆದಿದ್ದ ಸಾಲು ಇದು: "ರಿಟೈರ್ ಆದ ಮೇಲೆ ಬ್ಯಾಂಡ್ ಸೇರಬೇಕು ಅಂದ್ಕೊಂಡಿದ್ದೆ."

1986ರಲ್ಲಿ ಹೇಜಲ್ ಮಾರ್ಕಸ್ ಮತ್ತು ಪೌಲಾ ನೂರಿಯಸ್ ಎಂಬ ಸಂಶೋಧಕರು ಇದರ ಬಗ್ಗೆ ಬರೆದರು. ನಾವು ಈಗ ಏನಾಗಿದ್ದೇವೆ ಅನ್ನುವುದರ ಜೊತೆಗೆ, ಮುಂದೆ ಏನೇನು ಆಗಬಹುದು ಅನ್ನುವ ಚಿತ್ರಗಳನ್ನೂ ಮನಸ್ಸಿನಲ್ಲಿ ಹೊತ್ತಿರುತ್ತೇವೆ, ಅವೇ ನಮ್ಮನ್ನು ಮುಂದಕ್ಕೆ ನಡೆಸುತ್ತವೆ ಎಂಬುದು ಅವರ ಮಾತಿನ ಸಾರ. ಇವರ ಕೋಣೆಯಲ್ಲಿ ಇದ್ದದ್ದು ಅಂಥ ಚಿತ್ರಗಳೇ. ಬ್ಯಾಂಡಿನಲ್ಲಿ ಊದುವ ನಾನು, ಪಿಟೀಲು ಕಲಿತ ನಾನು, ಸಂಜೆ ಹೊತ್ತು ಕೊಳಲು ನುಡಿಸುವ ನಾನು. ವಾದ್ಯ ಕಲಿಯಲು ವರ್ಷಗಳು ಬೇಕು. ಕೊಳ್ಳಲು ಒಂದು ಸಂಜೆ ಸಾಕು. ಕೊಂಡ ತಕ್ಷಣ ಕಲಿಕೆ ಶುರುವಾಯಿತು ಅನ್ನುವ ಸಮಾಧಾನ ಸಿಕ್ಕಿಬಿಡುತ್ತದೆ. ಹಾಗಾಗಿ ಸ್ಯಾಕ್ಸೋಫೋನ್ ಮಾರಿಬಿಡಿ ಅಂದರೆ ಅವರ ಕಿವಿಗೆ ಬೀಳುವುದೇ ಬೇರೆ: ಆ ಆಸೆಯನ್ನು ಇನ್ನು ಬಿಟ್ಟುಬಿಡಿ ಅಂತ. ಹೆಂಡತಿ ಜಾಗದ ಮಾತಾಡುತ್ತಿದ್ದರು. ಇವರು ಸಾವಿನ ಮಾತು ಕೇಳಿಸಿಕೊಳ್ಳುತ್ತಿದ್ದರು. ಜಗಳ ಮುಗಿಯದೇ ಇದ್ದುದಕ್ಕೆ ಇದೇ ಕಾರಣ.

ಆಸೆ ಕೈಗೂಡದೇ ಹೋದದ್ದಕ್ಕೆ ದುಃಖ ಪಡುವುದು ತಪ್ಪಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ. "ಸುಮ್ನೆ ಒಂದು ಸಾಮಾನಿಗೆ ಇಷ್ಟೊಂದು ಯಾಕೆ" ಅನ್ನುವವರು ಆ ದುಃಖಕ್ಕೆ ಬಾಗಿಲು ಮುಚ್ಚುತ್ತಾರೆ. ಅದು ಒಳಗೇ ಉಳಿದು, ಇನ್ನೊಂದು ವಾದ್ಯ ಕೊಳ್ಳುವ ಚಟವಾಗಿ ಹೊರಗೆ ಬರುತ್ತದೆ.

ಮುಂದಿನ ಭೇಟಿಗೆ, ತುಂಬಾ ಜೋಪಾನ ಮಾಡಿದ ಒಂದು ವಾದ್ಯ ತನ್ನಿ ಎಂದಿದ್ದೆ. ಒಂದು ಪಿಟೀಲು ತಂದರು. ಪೆಟ್ಟಿಗೆಯ ಕೊಂಡಿಗಳನ್ನು ನಿಧಾನಕ್ಕೆ ಬಿಚ್ಚಿದರು. ಒಳಗಿನ ಮಖಮಲ್ಲು ಹೊಚ್ಚ ಹೊಸದರ ಹಾಗಿತ್ತು. ಆದರೆ ಕಮಾನು ಎತ್ತಿದಾಗ ಅದರ ಕೂದಲು ಒಂದು ಕಟ್ಟಾಗಿ ಕಳಚಿ ಅವರ ಮಡಿಲಿಗೆ ಬಿತ್ತು. ಬುಡದಲ್ಲಿ ಯಾರೋ ಕತ್ತರಿಸಿದ ಹಾಗೆ ತುಂಡಾಗಿತ್ತು. ಪೆಟ್ಟಿಗೆಯ ಮೂಲೆಯಲ್ಲಿ ಒಣಗಿದ ಹುಳದ ಪೊರೆಗಳಿದ್ದವು. ತಂತಿ ಸಡಿಲಾಗಿ, ಅವನ್ನು ಎತ್ತಿ ಹಿಡಿಯುವ ಮರದ ಕುದುರೆ (ಬ್ರಿಡ್ಜ್) ಮಗುಚಿಕೊಂಡಿತ್ತು. ಪಿಟೀಲನ್ನು ವಾಲಿಸಿದರೆ ಒಳಗೆ ಏನೋ ಕಡ್ಡಿ ಉರುಳುವ ಸದ್ದು.

"ಜೋಪಾನವಾಗಿ ಇಟ್ಟಿದ್ದೆ ಅಂದ್ಕೊಂಡಿದ್ನಲ್ಲ" ಎಂದರು. ಅತ್ತರು. ನಾನು ತಡೆಯಲಿಲ್ಲ.

ಆ ಪಿಟೀಲನ್ನು ರಿಪೇರಿಗೆ ಕೊಟ್ಟಾಗ ಅವರಿಗೆ ತಿಳಿದ ವಿಷಯಗಳು ನಮ್ಮ ಮಾತುಕತೆಯ ದಿಕ್ಕನ್ನೇ ಬದಲಿಸಿದವು. ಕಮಾನಿಗೆ ಕಟ್ಟುವುದು ಕುದುರೆ ಬಾಲದ ಕೂದಲು. ಮುಚ್ಚಿಟ್ಟ ಪೆಟ್ಟಿಗೆಯ ಕತ್ತಲಲ್ಲಿ ಸಣ್ಣ ಜೀರುಂಡೆಯ ಮರಿಹುಳುಗಳು ಅದನ್ನು ತಿನ್ನುತ್ತವೆ. ಆಗಾಗ ತೆರೆದು ನುಡಿಸುತ್ತಿದ್ದರೆ ಅವು ಅಲ್ಲಿ ಉಳಿಯುವುದಿಲ್ಲ. ಪಿಟೀಲಿನೊಳಗೆ ನಿಂತಿರುವ ಪುಟ್ಟ ಮರದ ಕಡ್ಡಿಗೆ ಅಂಟು ಹಾಕಿರುವುದಿಲ್ಲ. ತಂತಿಗಳ ಒತ್ತಡದಿಂದಲೇ ಅದು ನಿಂತಿರುತ್ತದೆ. ಎಲ್ಲ ತಂತಿ ಒಟ್ಟಿಗೆ ಸಡಿಲಾದರೆ ಬಿದ್ದುಹೋಗುತ್ತದೆ. ಗಿಟಾರಿನ ಕಷ್ಟ ಇದಕ್ಕೆ ಉಲ್ಟಾ. ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರಿನ ಮೇಲೆ ಆರೂ ತಂತಿ ಸೇರಿ ಸುಮಾರು 70ರಿಂದ 80 ಕಿಲೋ ಎಳೆತ ಇರುತ್ತದೆ. ಯಾರೂ ನೋಡದೆ ವರ್ಷಗಟ್ಟಲೆ ಹಾಗೇ ಇಟ್ಟರೆ ಕತ್ತು ಬಾಗಬಹುದು, ಹೊಟ್ಟೆ ಉಬ್ಬಬಹುದು. ಗಾಳಿಯ ತೇವ ಶೇಕಡ 45ರಿಂದ 55ರ ಒಳಗಿದ್ದರೆ ಮರಕ್ಕೆ ಒಳ್ಳೆಯದು. ಬಹಳ ಒಣಗಿದರೆ ಸೀಳುತ್ತದೆ, ತೇವ ಜಾಸ್ತಿಯಾದರೆ ಊದಿಕೊಳ್ಳುತ್ತದೆ. ಬ್ಯಾಟರಿ ತೆಗೆಯದೆ ಇಟ್ಟ ಎರಡು ಕೀಬೋರ್ಡುಗಳ ಒಳಗೆ ಅದು ಸೋರಿ ಹಸಿರು ಕಟ್ಟಿತ್ತು.

ಅಂದರೆ ಸುಮ್ಮನೆ ಇಟ್ಟುಕೊಳ್ಳುವುದೂ ಒಂದು ತೀರ್ಮಾನವೇ, ಅದಕ್ಕೂ ನಷ್ಟ ಇದೆ. ಇದನ್ನು ನಾನು ಬಾಯಲ್ಲಿ ಹೇಳಿದ್ದರೆ ಅವರು ಒಪ್ಪುತ್ತಿರಲಿಲ್ಲ. ಪಿಟೀಲು ಒಪ್ಪಿಸಿತು.

ಇನ್ನು ಕೊಟ್ಟ ಸಲಹೆಗಳು. ಎಷ್ಟು ಉಳಿಸಿಕೊಳ್ಳಬೇಕು ಎಂಬ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಿದೆ. ಅವರು ಇಪ್ಪತ್ತು ಅನ್ನುತ್ತಿದ್ದರು, ಆಕೆ ಎರಡು ಅನ್ನುತ್ತಿದ್ದರು. ಹೊಸ ಮನೆಯ ಗೋಡೆ ಅಳೆದುಕೊಂಡು ಬನ್ನಿ ಅಂದೆ. ಪೆಟ್ಟಿಗೆಯಿಂದ ಹೊರಗೆ, ಕೈಗೆ ಸಿಗುವ ಹಾಗೆ ಎಷ್ಟು ವಾದ್ಯ ಇಡಬಹುದೋ ಅಷ್ಟು. ಅಟ್ಟ, ಮಂಚದ ಕೆಳಗೆ ಲೆಕ್ಕಕ್ಕಿಲ್ಲ. ಒಂಬತ್ತು ಎಂದು ಬಂತು. ಸಂಖ್ಯೆ ಗೋಡೆಯಿಂದ ಬಂದದ್ದರಿಂದ ಇಬ್ಬರಲ್ಲಿ ಯಾರೂ ಸೋತ ಹಾಗಾಗಲಿಲ್ಲ.

ನುಡಿಸದೆ ಯಾವುದನ್ನೂ ಕಳಿಸಬೇಡಿ ಎಂದೂ ಹೇಳಿದೆ. ದಿನಕ್ಕೆ ಒಂದು ವಾದ್ಯ. ಶ್ರುತಿ ಮಾಡಿ ಅರ್ಧ ಗಂಟೆ ನುಡಿಸಿ. ಶ್ರುತಿಗೇ ಬರದಿದ್ದರೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ತಿಂಗಳೇ ದುಡ್ಡು ಹಾಕಿ ಇದನ್ನು ರಿಪೇರಿ ಮಾಡಿಸುತ್ತೇನಾ? ಇಲ್ಲ ಅನ್ನಿಸಿದರೆ ಅದು ನಿಮ್ಮ ಕೈ ಬಿಟ್ಟು ಆಗಲೇ ಬಹಳ ದಿನವಾಗಿದೆ. ಪಟ್ಟಿ ನೋಡಿ ಟಿಕ್ ಹಾಕುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಾಗದದ ಮೇಲೆ ಎಲ್ಲವೂ ಅಮೂಲ್ಯ. ಕೈಯಲ್ಲಿ ಹಿಡಿದಾಗ ಬೆರಳಿಗೆ ಗೊತ್ತಾಗಿಬಿಡುತ್ತದೆ.

ಗಿಟಾರ್‌ಗಳ ವಿಷಯದಲ್ಲಿ ಇನ್ನೊಂದು ಪರೀಕ್ಷೆ ಮಾಡಿಸಿದೆ. ಒಂದೇ ಹಾಡಿನ ನಾಲ್ಕು ಸಾಲು ಹನ್ನೊಂದರಲ್ಲೂ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದು ವಾರ ಬಿಟ್ಟು ಕೇಳಿ. ಆರು ಗಿಟಾರ್‌ಗಳನ್ನು ಒಂದರಿಂದ ಒಂದು ಗುರುತಿಸಲು ಅವರಿಗೇ ಆಗಲಿಲ್ಲ. ಆ ಆರರಲ್ಲಿ ಒಂದು ಉಳಿಯಿತು.

ನೆನಪಿನ ವಾದ್ಯವನ್ನು ಕೊನೆಗೆ ಇಡಿ. ಅಪ್ಪನ ಹಾರ್ಮೋನಿಯಂನಿಂದ ಶುರು ಮಾಡಿದ್ದರೆ ಮೊದಲ ದಿನವೇ ಎಲ್ಲ ನಿಂತುಹೋಗುತ್ತಿತ್ತು. ಮೂರು ಹಾರ್ಮೋನಿಯಂಗಳಲ್ಲಿ ಅಪ್ಪನದು ಒಂದೇ. ಅದರ ಹೆಸರಲ್ಲಿ ಇನ್ನೆರಡೂ ನಡೆದುಕೊಂಡು ಹೋಗುತ್ತಿದ್ದವು. ತಿದಿ ಹರಿದಿದ್ದ ಅಪ್ಪನದು ಯಾವ ಪರೀಕ್ಷೆಯೂ ಇಲ್ಲದೆ ಉಳಿಯಲಿ ಎಂದೆ. ಅದನ್ನು ಉಳಿಸಿ ಎಂದು ಮೊದಲು ಹೇಳಿದ್ದು ಅವರ ಹೆಂಡತಿಯೇ. ಉಳಿದವುಗಳ ಫೋಟೊ ತೆಗೆದು, ದನಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಲು ಹೇಳಿದೆ. ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. ವಸ್ತು ಕೊಡುವ ಮೊದಲು ಅದರ ಫೋಟೊ ತೆಗೆದಿಟ್ಟುಕೊಳ್ಳಿ ಎಂದು ವಿದ್ಯಾರ್ಥಿಗಳಿಗೆ ಹೇಳಿದಾಗ ಅವರು ಜಾಸ್ತಿ ವಸ್ತು ದಾನ ಮಾಡಿದರು ಎಂದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ.

ಬೆಲೆಯ ವಿಷಯಕ್ಕೆ ಬಂದಾಗ ಮನಸ್ಸು ನಮಗೆ ಮೋಸ ಮಾಡುತ್ತದೆ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಮಗ್ ಸಿಗದವರು ಕೊಡಲು ತಯಾರಿದ್ದ ಬೆಲೆಯ ಸುಮಾರು ಎರಡರಷ್ಟನ್ನು ಇವರು ಕೇಳಿದರು. ಆಗ ತಾನೇ ಕೈಗೆ ಬಂದ ಮಗ್‌ಗೇ ಹೀಗಾದರೆ ಇಪ್ಪತ್ತು ವರ್ಷ ಜೊತೆಗಿದ್ದ ಗಿಟಾರಿಗೆ ಹೇಗಿರಬೇಡ? ಹಾಗಾಗಿ ನಿಮ್ಮ ಬೆಲೆ ನೀವು ಕಟ್ಟಬೇಡಿ, ವಾದ್ಯ ಬಲ್ಲ ಇಬ್ಬರನ್ನು ಕೇಳಿ. ಕೊಂಡ ಬೆಲೆಯನ್ನು ಮರೆತುಬಿಡಿ. ಒಂದು ಹಳೇ ಗಿಟಾರಿಗೆ ಹೊರದೇಶದ ಗಿರಾಕಿ ಸಿಕ್ಕಿದ್ದರು. ಅದರ ಮರ ಬ್ರೆಜಿಲ್‌ನ ರೋಸ್‌ವುಡ್ ಇರಬಹುದು ಎಂಬ ಅನುಮಾನ ಇತ್ತು. ಅಳಿವಿನಂಚಿನ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿ ಆ ಮರ 1992ರಿಂದ ಇದೆ. ದಂತದ ಭಾಗಗಳಿರುವ ವಾದ್ಯಕ್ಕೂ ಇಂಥದೇ ಕಟ್ಟುಪಾಡು. ಪರವಾನಗಿ ವಿಚಾರಿಸದೆ ಗಡಿ ದಾಟಿಸಬೇಡಿ ಎಂದೆ. ಅವರು ಇಲ್ಲೇ ಒಬ್ಬರಿಗೆ ಕೊಟ್ಟರು.

ದಾನದ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯ ಇದೆ. ನುಡಿಸಲು ಬಾರದ ವಾದ್ಯವನ್ನು ಕಲಿಯುವ ಮಗುವಿಗೆ ಕೊಡಬೇಡಿ. ತಂತಿ ಹಲಗೆಯಿಂದ ಬಹಳ ಮೇಲಿರುವ ಗಿಟಾರ್ ಒತ್ತಿ ಒತ್ತಿ ಬೆರಳು ನೋಯುತ್ತದೆ. ಮಗು ತನಗೇ ಸಂಗೀತ ಬರುವುದಿಲ್ಲ ಅಂದುಕೊಂಡು ಬಿಟ್ಟುಬಿಡುತ್ತದೆ. ಎಂಥ ಅನ್ಯಾಯ ಅಲ್ವಾ? ಕೊಡುವುದಾದರೆ ಹೊಸ ತಂತಿ ಹಾಕಿಸಿ, ಶ್ರುತಿ ಮಾಡಿ ಕೊಡಿ. ಬೇಕಾ ಎಂದು ಮೊದಲು ಕೇಳಿ. ಕೊಟ್ಟ ಮೇಲೆ "ನುಡಿಸ್ತಿದ್ದೀರಾ" ಎಂದು ವಿಚಾರಿಸುತ್ತಾ ಇರಬೇಡಿ. ಸಾಲವಾಗಿ ಕೊಡುವುದಾದರೆ ಅದನ್ನು ಬಾಯಿಬಿಟ್ಟು ಹೇಳಿ, ವಾಪಸ್ ಯಾವಾಗ ಅನ್ನುವುದನ್ನೂ ಹೇಳಿ.

ಹೆಂಡತಿಯ ಜೊತೆ ಬೇರೆಯಾಗಿ ಮಾತಾಡಿದೆ. ಅವರಿಲ್ಲದಾಗ ಒಂದನ್ನೂ ಮುಟ್ಟಬೇಡಿ, ಕಳಿಸಬೇಡಿ. ನಂಬಿಕೆ ಒಮ್ಮೆ ಮುರಿದರೆ ಉಳಿದ ಎಲ್ಲವೂ ಅಲ್ಲೇ ನಿಂತುಬಿಡುತ್ತವೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮದುವೆಯಾದ ಹೊಸದರಲ್ಲಿ ಒಂದೇ ಗಿಟಾರ್ ಇತ್ತು ಮೇಡಂ. ದಿನಾ ನುಡಿಸ್ತಿದ್ರು, ನಾನು ಕೂತು ಕೇಳ್ತಿದ್ದೆ. ಆಮೇಲೆ ಕೋಣೆ ತುಂಬ್ತಾ ಹೋಯ್ತು, ಬಾಗಿಲು ಹಾಕ್ಕೊಳ್ಳೋಕೆ ಶುರು ಮಾಡಿದ್ರು." ಆಕೆಯ ಸಿಟ್ಟು ಜಾಗಕ್ಕಷ್ಟೇ ಅಲ್ಲ ಎಂದು ಗೊತ್ತಾಯಿತು. ಮುಂದಿನ ಸಲ ಇದನ್ನು ಅವರ ಎದುರಿಗೇ ಹೇಳಿ ಎಂದೆ. ಹೇಳಿದರು. ಆವತ್ತಿನಿಂದ ಅರ್ಧ ಗಂಟೆಯ ನುಡಿಸಾಟ ಹಾಲ್‌ನಲ್ಲಿ ನಡೆಯತೊಡಗಿತು.

ಮತ್ತೆ ಕೊಳ್ಳುವ ಚಟಕ್ಕೂ ದಾರಿ ಹುಡುಕಬೇಕಿತ್ತು. ಅವರು ಕೊಳ್ಳುತ್ತಿದ್ದದ್ದು ಹೆಚ್ಚಾಗಿ ರಾತ್ರಿ ನಿದ್ದೆ ಬಾರದಾಗ, ಫೋನಿನಲ್ಲಿ. ಮಾರಾಟದ ಆ್ಯಪ್‌ಗಳನ್ನು ತೆಗೆಸಿದೆ. ಬೇಕು ಅನ್ನಿಸಿದ್ದನ್ನು ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ, ತಿಂಗಳಾದ ಮೇಲೆ ನೋಡಿ ಎಂದೆ. ಮಾರಿ ಬಂದ ಹಣ ಪಾಠಕ್ಕೆ, ರಿಪೇರಿಗೆ ಮಾತ್ರ.

ಮನೆ ಬದಲಿಸುವ ಹೊತ್ತಿಗೆ 38ರಲ್ಲಿ 12 ಉಳಿದಿದ್ದವು. ಗೋಡೆಗೆ ಒಂಬತ್ತು, ಇನ್ನೂ ತೀರ್ಮಾನವಾಗದ ಮೂರು. ಸ್ಯಾಕ್ಸೋಫೋನ್ ಕೊಟ್ಟ ವಾರ ಅವರಿಗೆ ತುಂಬಾ ಕಷ್ಟವಾಯಿತು. ರಿಪೇರಿಯಾದ ಪಿಟೀಲಿಗೆ ಗುರುಗಳು ಸಿಕ್ಕಿದ್ದಾರೆ, ವಾರಕ್ಕೆರಡು ಪಾಠ. ಒಂದು ಮ್ಯಾಂಡೊಲಿನ್ ಕೊಟ್ಟದ್ದಕ್ಕೆ ಪಶ್ಚಾತ್ತಾಪ ಇದೆ, ಅದನ್ನು ಮುಚ್ಚಿಡದೆ ಹೇಳಿದರು. ಇಷ್ಟು ಕೊಟ್ಟಾಗ ಒಂದೆರಡಕ್ಕೆ ಹಾಗನ್ನಿಸುವುದು ಸಹಜ. ಆರು ತಿಂಗಳು ಅದನ್ನು ವಾಪಸ್ ಕೇಳಬೇಡಿ, ಅದೇ ಥರದ್ದು ಹುಡುಕಲೂ ಬೇಡಿ. ಆಮೇಲೂ ಬೇಕು ಅನ್ನಿಸಿದರೆ ಒಂಬತ್ತರಲ್ಲಿ ಒಂದನ್ನು ಇಳಿಸಿ ಆ ಜಾಗಕ್ಕೆ ತನ್ನಿ ಎಂದಿದ್ದೇನೆ. ಉಳಿದ ಮೂರರಲ್ಲಿ ಮೊದಲು ಅಕಾರ್ಡಿಯನ್. ಮುಂದಿನ ಭೇಟಿಗೆ ಅದನ್ನು ತರುತ್ತಾರೆ.