ಕೊಳ ಒಂದೇ, ವೇಗ ಹಲವು: ಮಕ್ಕಳ ತಂಡದ ಜೊತೆ ದೊಡ್ಡವರ ಈಜು

ಬೇಸಿಗೆ ಶಿಬಿರಗಳು ಹತ್ತಿರ ಬರುತ್ತಿದ್ದಂತೆ ಈಜುಕೊಳದ ಹೊತ್ತು ಹಂಚಿಕೊಳ್ಳುವ ಬಗ್ಗೆ ಪತ್ರಗಳು ಹೆಚ್ಚಿವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು 50 ಮೀಟರಿನ, ಎಂಟು ಲೇನಿನ ಕೊಳ. ಬೆಳಿಗ್ಗೆ ಆರರಿಂದ ಏಳೂವರೆವರೆಗೆ ಆರು ಲೇನು ಮಕ್ಕಳ ತಂಡಕ್ಕೆ, ಎರಡು ನಮಗೆ. ನಾವು ಹದಿನಾಲ್ಕು ಜನ. ದಿನಾ ಡಿಕ್ಕಿ, ದಿನಾ ಮಾತಿಗೆ ಮಾತು. ಇನ್ನೊಂದು ಲೇನು ಕೇಳುವುದು ತಪ್ಪೇ? (ಮೈಸೂರು)

ಉತ್ತರ: ತಪ್ಪೇನಲ್ಲ. ಆದರೆ ಕೇಳುವ ಮೊದಲು ಮಕ್ಕಳ ಲೇನುಗಳಲ್ಲಿ ಎಷ್ಟು ತಲೆಗಳಿವೆ ಎಂದು ಎಣಿಸಿ ನೋಡಿ. ಒಂದೊಂದು ಲೇನಿನಲ್ಲಿ ಆರೆಂಟು ಮಕ್ಕಳಿದ್ದರೆ ಅವರೂ ನಿಮ್ಮಷ್ಟೇ ಇಕ್ಕಟ್ಟಿನಲ್ಲಿದ್ದಾರೆ. ಆದರೂ ಅಲ್ಲಿ ಡಿಕ್ಕಿ ಆಗುವುದಿಲ್ಲ, ಏಕೆಂದರೆ ಒಂದು ಲೇನಿನಲ್ಲಿರುವವರೆಲ್ಲ ಹೆಚ್ಚುಕಡಿಮೆ ಒಂದೇ ವೇಗದವರು.

ನಿಮ್ಮ ಲೇನಿನ ಲೆಕ್ಕ ಹೀಗಿರಬಹುದು. ಮೂವರು 100 ಮೀಟರನ್ನು 2 ನಿಮಿಷಕ್ಕೆ ಮುಗಿಸುವವರು, ನಾಲ್ವರು 3 ನಿಮಿಷ ತೆಗೆದುಕೊಳ್ಳುವವರು ಎಂದಿಟ್ಟುಕೊಳ್ಳಿ. ಲೇನಿನ ಒಂದು ಬದಿಯಲ್ಲಿ ಹೋಗಿ ಇನ್ನೊಂದು ಬದಿಯಲ್ಲಿ ಬರುವ ಒಂದು ಸುತ್ತು 100 ಮೀಟರ್. ನಿಲ್ಲದೆ ಈಜಿದರೆ ವೇಗದ ಒಬ್ಬರು ನಿಧಾನದ ಒಬ್ಬರನ್ನು ಆರು ನಿಮಿಷಕ್ಕೊಮ್ಮೆ ಹಿಂದೆ ಹಾಕುತ್ತಾರೆ. ಇಂಥ ಜೋಡಿಗಳು ಹನ್ನೆರಡು. ಅಂದರೆ ಸರಾಸರಿ ಪ್ರತಿ 30 ಸೆಕೆಂಡಿಗೆ ಒಮ್ಮೆ ಯಾರೋ ಯಾರನ್ನೋ ದಾಟಬೇಕು, ಅದೂ ಎರಡೂವರೆ ಮೀಟರ್ ಅಗಲದಲ್ಲಿ, ಎದುರಿನಿಂದ ಬರುವವರ ನಡುವೆ. 25 ಮೀಟರ್ ಕೊಳವಾದರೆ ಇದರ ಎರಡು ಪಟ್ಟು. ಮೂರನೆಯ ಲೇನು ಸಿಕ್ಕಿ, ಅದರಲ್ಲೂ ಹೀಗೇ ಬೆರೆತುಕೊಂಡರೆ ಜಗಳ ಮೂರು ಲೇನಿಗೆ ಹರಡುತ್ತದೆ, ಅಷ್ಟೆ.

ಆದ್ದರಿಂದ ಮೊದಲು ಗೆಳೆತನದ ಗುಂಪು, ಗಂಡಸರು–ಹೆಂಗಸರು, ಬೇಗ ಬಂದವರು–ತಡವಾಗಿ ಬಂದವರು ಎಂಬ ವಿಂಗಡಣೆ ಬಿಡಿ. ಒಂದು ದಿನ ಎಲ್ಲರೂ 200 ಮೀಟರನ್ನು ಏದುಸಿರು ಬಾರದ ಹಾಗೆ ಈಜಿ ಸಮಯ ಬರೆದುಕೊಳ್ಳಿ. ಏಳು ಚುರುಕಾದವರು ಒಂದು ಲೇನಿಗೆ, ಉಳಿದ ಏಳು ಜನ ಇನ್ನೊಂದಕ್ಕೆ. ಲೇನಿನೊಳಗೂ ವೇಗದವರು ಮುಂದೆ. ಈ ಸಾಲು ಸೆಟ್ಟಿನಿಂದ ಸೆಟ್ಟಿಗೆ (ಅಭ್ಯಾಸದ ಒಂದು ಕಂತಿನಿಂದ ಇನ್ನೊಂದಕ್ಕೆ) ಬದಲಾಗಬೇಕು: ಫ್ರೀಸ್ಟೈಲಿನಲ್ಲಿ ಮುಂದಿರುವವರು ಕಿಕ್‌ಬೋರ್ಡ್ (ಕಾಲಷ್ಟೇ ಬಡಿದು ಈಜಲು ಬಳಸುವ ತೇಲುಹಲಗೆ) ಹಿಡಿದರೆ ಕೊನೆಯವರಾಗುವುದು ಸಾಮಾನ್ಯ. ಮುಂದಿನವರು ಗೋಡೆ ಬಿಟ್ಟ 10 ಸೆಕೆಂಡಿಗೆ ಹಿಂದಿನವರು ಹೊರಡಿ. 2 ನಿಮಿಷದ ವೇಗಕ್ಕೆ ಇದು ಸುಮಾರು 8 ಮೀಟರ್ ಅಂತರ. ಕಾಲು ಕೈಗೆ ತಾಗುವುದಿಲ್ಲ. ಏಳನೆಯವರು ಹೊರಡುವಾಗ ಮೊದಲಿನವರು ಆಚೆ ಗೋಡೆ ಮುಟ್ಟಿರುತ್ತಾರೆ, ಹಾಗಾಗಿ 50 ಮೀಟರಿನಲ್ಲಿ ಏಳು ಜನ ಆರಾಮವಾಗಿ ಹಿಡಿಸುತ್ತಾರೆ. 25 ಮೀಟರಿನಲ್ಲಿ ಅದೇ ಹೊತ್ತಿಗೆ ಮೊದಲಿನವರು ವಾಪಸು ಬಂದುಬಿಡುತ್ತಾರೆ; ಅಲ್ಲಿ 10 ಸೆಕೆಂಡ್ ಅಂತರಕ್ಕೆ ಐದು ಜನರೇ ಮಿತಿ.

ದಾಟುವುದು ಗೋಡೆಯ ಬಳಿ ಮಾತ್ರ. ಹಿಂದಿನವರು ಪಾದವನ್ನು ಒಮ್ಮೆ ಮುಟ್ಟಿದರೆ ಸಾಕು. ಮುಂದಿನವರು ನಡುನೀರಿನಲ್ಲಿ ನಿಲ್ಲದೆ ಗೋಡೆ ತಲುಪಿ, ಮೂಲೆಗೆ ಸರಿದು ದಾರಿ ಬಿಡಬೇಕು. ದಣಿವಾರಿಸಿಕೊಳ್ಳುವಾಗಲೂ ಲೇನ್ ರೋಪಿಗೆ (ಲೇನುಗಳ ನಡುವಿನ ತೇಲುಹಗ್ಗಕ್ಕೆ) ಒತ್ತಿಕೊಂಡೇ ನಿಲ್ಲಿ. ಗೋಡೆಯ ನಡುಭಾಗ ತಿರುಗುವವರದು. ನಾಲ್ಕು ಜನ ಅಲ್ಲಿ ಸಾಲಾಗಿ ನಿಂತು ಹರಟಿದರೆ ಇಡೀ ಲೇನು ಕಟ್ಟಿಕೊಳ್ಳುತ್ತದೆ, ನಾವು ಕಂಡ ಅತಿ ದೊಡ್ಡ ತೊಂದರೆ ಇದೇ.

ಸುತ್ತುವ ದಿಕ್ಕು ಎಡವೋ ಬಲವೋ, ಅದು ಬರೆದು ತೂಗುಹಾಕಿರಲಿ. ಎಲ್ಲ ಲೇನುಗಳೂ ಒಂದೇ ದಿಕ್ಕಿಗೆ ಸುತ್ತಿದರೆ ರೋಪಿನ ಈಚೆ ಆಚೆ ಇರುವವರು ಎದುರುಬದುರಾಗಿ ಬರುತ್ತಾರೆ, ಕೈಗೆ ಕೈ ಬಡಿಯುತ್ತದೆ. ಪಕ್ಕಪಕ್ಕದ ಲೇನುಗಳು ವಿರುದ್ಧ ದಿಕ್ಕಿಗೆ ಸುತ್ತಿದರೆ ರೋಪಿನ ಎರಡೂ ಕಡೆಯವರು ಒಂದೇ ಕಡೆಗೆ ಸಾಗುತ್ತಾರೆ. ಇಂಗ್ಲೆಂಡಿನ ಕೊಳಗಳಲ್ಲಿ ಈ ಪದ್ಧತಿ ಸಾಮಾನ್ಯ. ಮಕ್ಕಳ ಕೋಚ್ ಒಪ್ಪಿದರೆ, ಕನಿಷ್ಠ ಅವರ ಲೇನಿಗೆ ಅಂಟಿಕೊಂಡಿರುವ ನಿಮ್ಮ ಲೇನಿನಲ್ಲಾದರೂ ಹೀಗೆ ಮಾಡಿ.

ಇಷ್ಟು ಮಾಡಿಯೂ ಸಾಲದಾದರೆ ಹೊತ್ತು ಬದಲಿಸುವ ಬಗ್ಗೆ ಯೋಚಿಸಿ. ಶಾಲೆಗೆ ಹೋಗುವ ಮಗುವಿಗೆ ಬೆಳಗಿನ ಆ ಒಂದೂವರೆ ಗಂಟೆ ಬಿಟ್ಟರೆ ಸಂಜೆಯೇ ಗತಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಇಬ್ಬರೂ ಈಜುಗಾರರು, ಶ್ರೀಹರಿ ನಟರಾಜ್ ಮತ್ತು ಧಿನಿಧಿ ದೇಸಿಂಘು, ಬೆಂಗಳೂರಿನವರು. ಧಿನಿಧಿಗೆ ಆಗ 14 ವರ್ಷ. ಶಾಲೆಯ ಜೊತೆಗೇ ಆ ಮಟ್ಟಕ್ಕೆ ಏರಬೇಕಾದ ಮಕ್ಕಳ ಬೆಳಗಿನ ನೀರನ್ನು ಕಿತ್ತುಕೊಳ್ಳಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಏಳೂವರೆಯ ನಂತರ ಬರಲು ಸಾಧ್ಯವಿರುವ ನಾಲ್ಕು ಜನ ಸರಿದರೂ ನಿಮ್ಮ ಲೇನು ಹಗುರಾಗುತ್ತದೆ.

ಪ್ರಶ್ನೆ: ನನಗೆ 38 ವರ್ಷ. 100 ಮೀಟರ್ ಫ್ರೀಸ್ಟೈಲ್ 1 ನಿಮಿಷ 45 ಸೆಕೆಂಡಿಗೆ ಮುಗಿಸುತ್ತೇನೆ. ಕೋಚ್ ಮಕ್ಕಳ ಲೇನಿಗೇ ಸೇರಿಕೊಳ್ಳಿ ಎಂದಿದ್ದಾರೆ. ಅವರ ಸೆಟ್ 2 ನಿಮಿಷಕ್ಕೊಂದರಂತೆ ಹತ್ತು ನೂರುಗಳು, ಅಂದರೆ ಹತ್ತು ಸಲ 100 ಮೀಟರ್. ನಿಭಾಯಿಸಬಲ್ಲೆನೇ? (ಬೆಂಗಳೂರು)

ಉತ್ತರ: ಆ ಲೇನಿನಲ್ಲಿ ಕಷ್ಟ. 1:45 ನಿಮ್ಮ ಅತ್ಯುತ್ತಮ ಸಮಯ, ಹತ್ತು ಸಲ ಬರುವ ಸಮಯವಲ್ಲ. ಮೊದಲ ಮೂರು ನೂರು ಚೆನ್ನಾಗಿ ಹೋಗಿ, ನಾಲ್ಕನೆಯದಕ್ಕೆ ವಿಶ್ರಾಂತಿ ಐದು ಸೆಕೆಂಡಿಗೆ ಇಳಿದು, ಆರನೆಯದರಲ್ಲಿ ಹಿಂದಿನ ಹುಡುಗಿ ನಿಮ್ಮ ಕಾಲು ಮುಟ್ಟುತ್ತಿರುತ್ತಾಳೆ.

ಒಬ್ಬರೇ ಇರುವಾಗ ಹತ್ತು ನೂರು ಈಜಿ, ಪ್ರತಿಯೊಂದರ ನಡುವೆ 20 ಸೆಕೆಂಡ್ ನಿಂತು, ಸರಾಸರಿ ತೆಗೆಯಿರಿ. ಅದಕ್ಕೆ 15 ಸೆಕೆಂಡ್ ಕೂಡಿಸಿದರೆ ಬರುವುದೇ ನಿಮ್ಮ ಹೊರಡುವ ಅಂತರ, ಅಂದರೆ ಒಂದು ನೂರಕ್ಕೆ ಹೊರಟಲ್ಲಿಂದ ಮುಂದಿನ ನೂರಕ್ಕೆ ಹೊರಡುವವರೆಗಿನ ಸಮಯ. ಸರಾಸರಿ 1:58 ಬಂದರೆ 2:15ಕ್ಕೆ ಹೊರಡುವ ಲೇನು ಹುಡುಕಿ. ಅಲ್ಲಿ ಹನ್ನೊಂದು ಹನ್ನೆರಡರ ಮಕ್ಕಳೇ ಇದ್ದರೂ ಸಂಕೋಚ ಬೇಡ, ನೀರಿನಲ್ಲಿ ವಯಸ್ಸಿಗಿಂತ ಗಡಿಯಾರ ಮುಖ್ಯ.

ಸಾಲಿನಲ್ಲಿ ಕೊನೆಯವರಾಗಿ ಹೋಗಿ. ಮುಂದಿನವರ ಹಿಂದೆ ನೀರು ಸ್ವಲ್ಪ ಎಳೆದುಕೊಂಡು ಹೋಗುವುದರಿಂದ ಆ ಜಾಗ ಸುಲಭವೂ ಹೌದು. ಹಿಂದೆ ಬಿದ್ದರೆ ಮುಂದಿನ ನೂರರಲ್ಲಿ 50 ಮೀಟರಿಗೇ ನಿಂತು, ಸಾಲು ತಿರುಗಿ ಬರುವಾಗ ಬಾಲಕ್ಕೆ ಸೇರಿಕೊಳ್ಳಿ. ತಪ್ಪಿದ್ದನ್ನು ತುಂಬಿಕೊಳ್ಳಲು ಯತ್ನಿಸಿದರೆ ಎಲ್ಲರ ಸೆಟ್ ಕೆಡುತ್ತದೆ. ಬಟರ್‌ಫ್ಲೈ (ಎರಡೂ ಕೈ ಒಟ್ಟಿಗೆ ಬೀಸುವ ಈಜು) ಸೆಟ್ ಬಂದಾಗ ನಿಮ್ಮ ಲೇನಿಗೆ ಮರಳಿ. ಬ್ಲಾಕ್‌ನಿಂದ (ಗೋಡೆಯ ಮೇಲಿನ ಜಿಗಿಯುವ ಕಟ್ಟೆಯಿಂದ) ಡೈವ್ ಅಭ್ಯಾಸ ನಡೆಯುವಾಗ ಆ ಗೋಡೆಯ ಹತ್ತಿರವೇ ಇರಬೇಡಿ.

ಮಕ್ಕಳ ಈಜಿನ ಬಗ್ಗೆ ಏನೇ ಹೇಳುವುದಿದ್ದರೂ ಕೋಚ್‌ಗೆ ಹೇಳಿ, ಮಗುವಿಗಲ್ಲ. ಬಟ್ಟೆ ಬದಲಿಸುವ ಕೋಣೆಗೆ ಮಕ್ಕಳು ಹೋಗಿ ಬಂದ ಮೇಲೆ ನೀವು ಹೋಗುವುದು, ಕೊಳದ ಬದಿಯಲ್ಲಿ ಫೋನ್ ಕ್ಯಾಮೆರಾ ತೆಗೆಯದಿರುವುದು ಮೊದಲ ದಿನದಿಂದಲೇ ರೂಢಿಯಾಗಲಿ. 18 ತುಂಬದ ಎಲ್ಲರೂ ಕಾನೂನಿನ ಕಣ್ಣಿನಲ್ಲಿ ಮಕ್ಕಳೇ.

ಪ್ರಶ್ನೆ: ಬ್ರೆಸ್ಟ್‌ಸ್ಟ್ರೋಕ್ ಹೊಡೆಯುವಾಗ ನನ್ನ ಕಾಲು ಪಕ್ಕದ ಲೇನಿನ ಹುಡುಗನಿಗೆ ತಾಗಿತು. ಆ ಸ್ಟ್ರೋಕನ್ನೇ ಬಿಡಬೇಕೇ? (ಮಂಗಳೂರು)

ಉತ್ತರ: ಬಿಡಬೇಡಿ. ರೋಪಿಗೆ ತೀರಾ ಹತ್ತಿರ ಈಜುತ್ತಿದ್ದೀರಿ, ಒದೆಯುವಾಗ ಪಾದ ರೋಪಿನ ಕೆಳಗಿನಿಂದ ಆಚೆ ಹೋಗಿದೆ. ರೋಪಿನಿಂದ ಒಂದು ಮೊಳ ಒಳಗೆ ಬನ್ನಿ, ಮೊಣಕಾಲುಗಳನ್ನು ಸೊಂಟದ ಅಗಲಕ್ಕಿಂತ ಹೆಚ್ಚು ತೆರೆಯದೆ ಒದೆಯಿರಿ. ಎದುರಿನಿಂದ ಯಾರಾದರೂ ಬಂದಾಗ ಒಂದು ಸ್ಟ್ರೋಕ್ ತಡೆದು, ಮೈ ನೀಳ ಮಾಡಿ ಜಾರಿಕೊಂಡು ಹೋಗಿ. ಬಟರ್‌ಫ್ಲೈ ಈಜುವವರು ಇದೇ ಜಾಗದಲ್ಲಿ ಒಂದೇ ಕೈ ಬಳಸಬೇಕು.

ಪ್ರಶ್ನೆ: ಅಮ್ಮನಿಗೆ 61. ಈಗಷ್ಟೇ 50 ಮೀಟರ್ ದಾಟುತ್ತಿದ್ದಾರೆ. ಮಕ್ಕಳ ತಂಡ ಇಳಿದ ತಕ್ಷಣ ಅಲೆ ಎದ್ದು ನೀರು ಕುಡಿಯುತ್ತಾರೆ. (ಹುಬ್ಬಳ್ಳಿ)

ಉತ್ತರ: ಮೊದಲು ಲೇನ್ ರೋಪ್ ನೋಡಿ. ಅದರ ಬಿಲ್ಲೆಗಳು ಇರುವುದೇ ಅಲೆ ಮುರಿಯಲು, ಆದರೆ ರೋಪ್ ಸಡಿಲವಾಗಿದ್ದರೆ ಅಲೆಯ ಜೊತೆ ಅದೂ ತೂಗಾಡುತ್ತದೆ. ನಡುವೆ ಕೈಯಿಂದ ತಳ್ಳಿದಾಗ ಪಕ್ಕಕ್ಕೆ ಸುಲಭವಾಗಿ ಓಡಿದರೆ ಬಿಗಿ ಸಾಲದು; ತುದಿಯ ತಿರುಪನ್ನು ಬಿಗಿ ಮಾಡಲು ಕೊಳದ ಸಿಬ್ಬಂದಿಗೆ ಹೇಳಿ. ಕೆಲವು ಬಿಲ್ಲೆಗಳು ಒಡೆದು ಉದುರಿದ್ದರೂ ಅದೇ ತೊಂದರೆ.

ಅಮ್ಮನನ್ನು ಏಣಿ ಮತ್ತು ಲೈಫ್‌ಗಾರ್ಡ್ ಹತ್ತಿರವಿರುವ ಅಂಚಿನ ಲೇನಿನಲ್ಲಿ ಬಿಡಿ, ತಂಡಕ್ಕೂ ಅವರಿಗೂ ನಡುವೆ ಒಂದು ಲೇನು ಇದ್ದರೆ ಇನ್ನೂ ಒಳ್ಳೆಯದು. ಉಸಿರನ್ನು ತಂಡ ಇಲ್ಲದ ಕಡೆಗೆ ತಿರುಗಿ ತೆಗೆದುಕೊಳ್ಳಲಿ. ವಾಪಸು ಬರುವಾಗ ಆ ಕಡೆ ಬದಲಾಗುವುದರಿಂದ ಎಡಕ್ಕೂ ಬಲಕ್ಕೂ ಉಸಿರು ತೆಗೆಯಲು ಕಲಿಯಬೇಕು. ಗೋಡೆ ಹಿಡಿದು ಕಾಲು ಬಡಿಯುತ್ತಾ ದಿನಕ್ಕೆ ಐದು ನಿಮಿಷ ಅಭ್ಯಾಸ ಮಾಡಿದರೆ ಆಗದ ಕಡೆಗೂ ಕುತ್ತಿಗೆ ತಿರುಗತೊಡಗುತ್ತದೆ. ಅಲ್ಲಿಯವರೆಗೆ, ತಂಡ ಡೈವ್ ಮತ್ತು ಬಟರ್‌ಫ್ಲೈ ಮಾಡುವ ಹೊತ್ತು ಯಾವುದೆಂದು ಕೋಚ್‌ನಿಂದ ತಿಳಿದುಕೊಂಡು ಆ ಹದಿನೈದು ಇಪ್ಪತ್ತು ನಿಮಿಷ ಆಳ ಕಡಿಮೆಯಿರುವ ಚಿಕ್ಕ ಕೊಳದಲ್ಲಿ ಕಿಕ್‌ಬೋರ್ಡ್ ಹಿಡಿದು ಈಜಲಿ.