ನಿಮ್ಮ ಚಿನ್ನದ ಗಣಿ ಲೇಖನ ಯಾಕೆ ವಾಪಸ್ ಬರುತ್ತಿದೆ

ಪರ್ತ್‌ನಿಂದ ಬರೆದ ಗೆಳೆಯರಿಗೆ,

ನಮಸ್ಕಾರ. 'ಸಣ್ಣ ಗಣಿ ಕಂಪನಿಯ ಆರ್ಥಿಕ ಶಕ್ತಿ ಅಳೆಯುವುದು ಹೇಗೆ?' ಎಂಬ ನಿಮ್ಮ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಊರು ಕಲ್‌ಗೂರ್ಲಿಯ ಕೆಂಪು ಧೂಳಿನ ಪ್ಯಾರಾ ಇಷ್ಟವಾಯಿತು. ಷೇರಿನ ವಿಷಯವನ್ನು ಇಷ್ಟು ಸಲೀಸಾಗಿ ಕನ್ನಡದಲ್ಲಿ ಬರೆಯುವವರು ಕಡಿಮೆ. ಹೊಗಳಿಕೆ ಇಷ್ಟೇ. ಬೇಜಾರು ಮಾಡಿಕೊಳ್ಳಬೇಡಿ, ಲೇಖನ ವಾಪಸ್ ಕಳಿಸುತ್ತಿದ್ದೇನೆ.

ನೀವು ಹೆಸರು ಹೇಳದೆ ತೋರಿಸಿದ ಕಂಪನಿ ಆಸ್ಟ್ರೇಲಿಯಾದ ಷೇರುಪೇಟೆಯಲ್ಲಿದೆ. ಕಲ್‌ಗೂರ್ಲಿ ಸುತ್ತಮುತ್ತ ಜಮೀನು ಹಿಡಿದುಕೊಂಡು ಚಿನ್ನಕ್ಕಾಗಿ ಡ್ರಿಲ್ಲಿಂಗ್ ಮಾಡುತ್ತಿದೆ. ಇನ್ನೂ ಒಂದು ಗ್ರಾಂ ಚಿನ್ನ ಮಾರಿಲ್ಲ. ಷೇರಿನ ಬೆಲೆ 2 ಸೆಂಟ್, ಒಟ್ಟು 60 ಕೋಟಿ ಷೇರು, ಅಂದರೆ ಪೇಟೆ ಇಡೀ ಕಂಪನಿಗೆ ಕಟ್ಟಿರುವ ಬೆಲೆ 1.2 ಕೋಟಿ ಡಾಲರ್. ಇದು 'ಗಟ್ಟಿ ಕಂಪನಿ' ಎಂದು ನೀವು ತೀರ್ಪು ಕೊಟ್ಟಿದ್ದೀರಿ. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಎರಡು ನನ್ನ ತಲೆ ಕೆಡಿಸಿದವು. ಆಡಳಿತ ಮಂಡಳಿ, ಡಾಲರ್ ವಿನಿಮಯ, ಚಿನ್ನದ ಭವಿಷ್ಯ ಇವನ್ನೆಲ್ಲ ನಾನು ಮುಟ್ಟುವುದಿಲ್ಲ. ಅವು ಸರಿಯೋ ತಪ್ಪೋ, ಈ ಎರಡು ಸರಿಹೋಗದೆ ಲೇಖನ ನಿಲ್ಲುವುದಿಲ್ಲ.

ಮೊದಲನೆಯದು ನಿಮ್ಮ ಮೂರನೇ ಪ್ಯಾರಾ. ಸಾಲು ಸಾಲಾಗಿ ನೋಡೋಣ.

'ಕಂಪನಿಗೆ ಒಂದು ಪೈಸೆ ಸಾಲವೂ ಇಲ್ಲ. ಹಾಗಾಗಿ ತಳಪಾಯ ಭದ್ರ.'

ಆ 'ಹಾಗಾಗಿ' ಎಲ್ಲಿಂದ ಬಂತು? ಸಾಲ ಬೇಡ ಅಂತ ಆ ಕಂಪನಿ ತೀರ್ಮಾನ ಮಾಡಿದ್ದಲ್ಲ ಸ್ವಾಮಿ. ಅದಕ್ಕೆ ಸಾಲ ಹುಟ್ಟುವುದಿಲ್ಲ. ಆದಾಯವಿಲ್ಲ, ಯಂತ್ರವಿಲ್ಲ, ಕಟ್ಟಡವಿಲ್ಲ, ಇರುವುದು ನೆಲದಲ್ಲಿ ಹುಡುಕುವ ಲೈಸೆನ್ಸ್ ಮಾತ್ರ. ಯಾವ ಬ್ಯಾಂಕ್ ಮ್ಯಾನೇಜರ್ ಅದನ್ನು ಅಡ ಇಟ್ಟುಕೊಳ್ಳುತ್ತಾನೆ? ಇಂಥ ಕಂಪನಿಗಳಲ್ಲಿ ಬಹುಪಾಲಿನ ಬ್ಯಾಲೆನ್ಸ್ ಶೀಟ್‌ನಲ್ಲಿ ಸಾಲದ ಜಾಗ ಖಾಲಿಯೇ ಇರುತ್ತದೆ, ಮುಳುಗುವ ಹಿಂದಿನ ದಿನವೂ ಖಾಲಿಯೇ ಇರುತ್ತದೆ. ಸಿಮೆಂಟ್ ಕಾರ್ಖಾನೆಗೋ ಔಷಧ ಕಂಪನಿಗೋ ಬಳಸುವ ಸಾಲ-ಬಂಡವಾಳದ ಅನುಪಾತವನ್ನು ಎತ್ತಿ ಇಲ್ಲಿ ಇಟ್ಟಿದ್ದೀರಿ. ಸೊನ್ನೆ ಬಂತು, ಖುಷಿಪಟ್ಟಿರಿ.

'ಬ್ಯಾಂಕಿನಲ್ಲಿ 21 ಲಕ್ಷ ಡಾಲರ್ ನಗದು ಇದೆ.'

ಯಾವತ್ತು? ತಾರೀಖೇ ಬರೆದಿಲ್ಲ. ನೀವು ಕೊಟ್ಟ ಲಿಂಕ್ ಹಿಡಿದು ನಾನೇ ಹೋಗಿ ನೋಡಿದೆ. ಅದು ಜೂನ್ 30ರ ಲೆಕ್ಕ. ನಿಮ್ಮ ಲೇಖನ ಬಂದದ್ದು ನವೆಂಬರಿನಲ್ಲಿ. ಗಳಿಕೆ ಇಲ್ಲದೆ ಬರೀ ಖರ್ಚು ಮಾಡುವ ಕಂಪನಿಯ ನಗದನ್ನು ತಾರೀಖಿಲ್ಲದೆ ಬರೆಯಬಾರದು. ಸಂಬಳ, ಕೊರೆಯುವ ಯಂತ್ರದ ಬಾಡಿಗೆ, ಲ್ಯಾಬ್ ಬಿಲ್ಲು ಅಂತ ಆ ದುಡ್ಡು ಪ್ರತಿ ವಾರ ಕರಗುತ್ತಲೇ ಇರುತ್ತದೆ.

'ಮೂರು ತಿಂಗಳಿಗೆ ಖರ್ಚು 2.6 ಲಕ್ಷ ಡಾಲರ್. ಈ ಲೆಕ್ಕದಲ್ಲಿ ಎರಡು ವರ್ಷ ಯೋಚನೆಯಿಲ್ಲ.'

ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು, ಯಾಕೆಂದರೆ ಉತ್ತರ ನಿಮ್ಮ ಕೈಯಲ್ಲೇ ಇತ್ತು. ಆಸ್ಟ್ರೇಲಿಯಾದಲ್ಲಿ ಇಂಥ ಹುಡುಕಾಟದ ಕಂಪನಿಗಳು ಪ್ರತಿ ಮೂರು ತಿಂಗಳಿಗೊಮ್ಮೆ 'ಅಪೆಂಡಿಕ್ಸ್ 5ಬಿ' ಅನ್ನುವ ನಗದಿನ ವರದಿ ಕೊಡಲೇಬೇಕು, ಅದೂ ಮೂರು ತಿಂಗಳು ಮುಗಿದ ಮೇಲೆ ಒಂದು ತಿಂಗಳೊಳಗೆ. ನೀವು ಅದರ ಮೊದಲ ಭಾಗದಿಂದ, ಅಂದರೆ ದಿನನಿತ್ಯದ ವ್ಯವಹಾರದ ಲೆಕ್ಕದಿಂದ, 2.6 ಲಕ್ಷ ಎತ್ತಿಕೊಂಡಿರಿ. ಆಮೇಲೆ ಹಾಳೆ ಮಗುಚಲಿಲ್ಲ. ಎರಡನೇ ಭಾಗದಲ್ಲಿ, ಹೂಡಿಕೆಯ ಲೆಕ್ಕದಲ್ಲಿ, ಡ್ರಿಲ್ಲಿಂಗ್‌ಗೆ ಕೊಟ್ಟ 5.4 ಲಕ್ಷ ಡಾಲರ್ ಇದೆ. ಹುಡುಕಾಟದ ಖರ್ಚನ್ನು ಆಯಾ ವರ್ಷದ ಖರ್ಚು ಅಂತ ಬರೆಯಬಹುದು, ಇಲ್ಲವೇ ಆಸ್ತಿ ಅಂತ ಬ್ಯಾಲೆನ್ಸ್ ಶೀಟ್‌ಗೆ ಸೇರಿಸಬಹುದು, ಎರಡಕ್ಕೂ ಲೆಕ್ಕದ ನಿಯಮ ಒಪ್ಪುತ್ತದೆ. ಭಾರತದಲ್ಲೂ ಇದೇ ರೀತಿ, ಇಂಡ್ ಎಎಸ್ 106 ಅನ್ನುವ ನಮ್ಮ ಲೆಕ್ಕಪತ್ರದ ನಿಯಮ ನೋಡಿ. ಪುಸ್ತಕದಲ್ಲಿ ಎಲ್ಲಿ ಬರೆದರೂ ದುಡ್ಡು ಹೋಗುವುದು ಒಂದೇ ಬ್ಯಾಂಕ್ ಖಾತೆಯಿಂದ ತಾನೇ? 2.6 ಮತ್ತು 5.4 ಕೂಡಿಸಿ, 8 ಲಕ್ಷ. 21 ಲಕ್ಷವನ್ನು 8 ಲಕ್ಷದಿಂದ ಭಾಗಿಸಿ, 2.6 ತ್ರೈಮಾಸಿಕ. ಎರಡು ವರ್ಷ ಎಲ್ಲಿ, ಎಂಟು ತಿಂಗಳು ಎಲ್ಲಿ.

ಈ ಭಾಗಾಕಾರವನ್ನು ನೀವು ಮಾಡಬೇಕಾಗಿಯೂ ಇರಲಿಲ್ಲ. ಆ ಫಾರಂನ 8ನೇ ಭಾಗ ಇರುವುದೇ ಅದಕ್ಕೆ. ಎರಡೂ ಖರ್ಚು ಕೂಡಿಸಿ, ಉಳಿದ ನಗದು ಮತ್ತು ಬಳಸದ ಸಾಲದ ಸೌಲಭ್ಯ ಲೆಕ್ಕ ಹಾಕಿ, ಇನ್ನು ಎಷ್ಟು ತ್ರೈಮಾಸಿಕ ಓಡುತ್ತದೆ ಅಂತ 8.7ನೇ ಸಾಲಿನಲ್ಲಿ ಕಂಪನಿಯೇ ಬರೆಯಬೇಕು. ಎರಡಕ್ಕಿಂತ ಕಡಿಮೆ ಬಂದರೆ ಕೆಳಗಿನ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು. ಖರ್ಚು ಹೀಗೇ ಮುಂದುವರಿಯುತ್ತಾ? ದುಡ್ಡು ಎತ್ತಲು ಏನು ಮಾಡಿದ್ದೀರಿ, ಸಿಗುತ್ತೆ ಅಂತ ನಂಬಿಕೆ ಇದೆಯಾ? ಕಂಪನಿ ನಡೆಸಿಕೊಂಡು ಹೋಗಬಲ್ಲಿರಾ, ಯಾವ ಆಧಾರದ ಮೇಲೆ? ಸಣ್ಣ ಗಣಿ ಕಂಪನಿಯ ಶಕ್ತಿ ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಗೊತ್ತಿಲ್ಲ. ಸೆಪ್ಟೆಂಬರಿನ 5ಬಿಯನ್ನೂ ತೆಗೆದು ನೋಡಿದೆ. ನಗದು 13 ಲಕ್ಷಕ್ಕೆ ಇಳಿದಿದೆ, 8.7ರಲ್ಲಿ 1.6 ಅಂತಿದೆ. ಮೂರೂ ಪ್ರಶ್ನೆಗೆ ಉತ್ತರ ಬರೆದಿದ್ದಾರೆ, ಹೊಸ ಷೇರು ಮಾರುವ ಮಾತುಕತೆ ನಡೆದಿದೆಯಂತೆ. ನೀವು ಲೇಖನ ಕಳಿಸುವ ಹೊತ್ತಿಗೆ ಇದು ಎಲ್ಲರಿಗೂ ಕಾಣುವ ಹಾಗೆ ಅಲ್ಲೇ ಇತ್ತು.

ದುಡ್ಡು ಕಡಿಮೆಯಾದರೆ ಡ್ರಿಲ್ಲಿಂಗ್ ನಿಲ್ಲಿಸಿದರೆ ಆಯ್ತು ಅಂತ ನೀವು ವಾದಿಸಬಹುದು. ಅದೂ ಅಷ್ಟು ಸುಲಭವಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹುಡುಕಾಟದ ಲೈಸೆನ್ಸ್ ಉಳಿಸಿಕೊಳ್ಳಬೇಕಾದರೆ ಪ್ರತಿ ವರ್ಷ ಆ ನೆಲದ ಮೇಲೆ ಕನಿಷ್ಠ ಇಷ್ಟು ಅಂತ ಖರ್ಚು ಮಾಡಲೇಬೇಕು. ಮಾಡದಿದ್ದರೆ, ವಿನಾಯಿತಿಯೂ ಸಿಗದಿದ್ದರೆ, ನೆಲವೇ ಕೈತಪ್ಪಬಹುದು. ಹಾಗಾಗಿ ಉಳಿದಿರುವ ದಾರಿ ಹೊಸ ಷೇರು. ಅಲ್ಲಿಯ ನಿಯಮದಲ್ಲಿ ಷೇರುದಾರರನ್ನು ಕೇಳದೆ 12 ತಿಂಗಳಲ್ಲಿ ಶೇ 15ರಷ್ಟು ಹೊಸ ಷೇರು ಕೊಡಬಹುದು. ವಾರ್ಷಿಕ ಸಭೆಯಲ್ಲಿ ಮೊದಲೇ ಒಪ್ಪಿಗೆ ಪಡೆದಿದ್ದರೆ ಸಣ್ಣ ಕಂಪನಿಗಳಿಗೆ ಇನ್ನೂ ಶೇ 10. ಪೇಟೆ ಬೆಲೆಗೆ ಯಾರೂ ಕೊಳ್ಳುವುದಿಲ್ಲ, ರಿಯಾಯಿತಿ ಕೇಳುತ್ತಾರೆ, ಜೊತೆಗೆ ಆಪ್ಷನ್ನೂ, ಅಂದರೆ ಮುಂದೆ ಗೊತ್ತುಮಾಡಿದ ಬೆಲೆಗೆ ಷೇರು ಕೊಳ್ಳುವ ಹಕ್ಕನ್ನೂ, ಕೇಳುತ್ತಾರೆ. 1.6 ಸೆಂಟ್‌ನಂತೆ 20 ಲಕ್ಷ ಡಾಲರ್ ಎತ್ತಿದರು ಅಂತಿಟ್ಟುಕೊಳ್ಳಿ. 12.5 ಕೋಟಿ ಹೊಸ ಷೇರು ಹುಟ್ಟುತ್ತವೆ. ಮೊದಲು ಕಂಪನಿಯ ಶೇ 1ರಷ್ಟು ಪಾಲು ಇದ್ದವನಿಗೆ ಈಗ ಶೇ 0.83. ಅದೂ ಎರಡೂವರೆ ತ್ರೈಮಾಸಿಕ ಓಡುವಷ್ಟು ದುಡ್ಡಿಗೆ. ಆಮೇಲೆ ಮತ್ತೆ. ಐದು ವರ್ಷದ ಹಿಂದೆ ಈ ಕಂಪನಿಯ ಷೇರು ಎಷ್ಟು ಕೋಟಿ ಇದ್ದವು? ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಬೆಲೆ 2 ಸೆಂಟ್‌ಗೆ ಇಳಿದ ಕಥೆ ಅಲ್ಲೇ ಇರುತ್ತದೆ.

ನಾನು ವಾಣಿಜ್ಯ ಪುಟಕ್ಕೆ ಸೇರಿದ್ದು ಬಳ್ಳಾರಿಯ ಅದಿರಿನ ಅಬ್ಬರದ ಕಾಲದಲ್ಲಿ. ಹೊಸಪೇಟೆ, ಸಂಡೂರು ಕಡೆ ಸುದ್ದಿಗೆ ಹೋದರೆ ಯಾರನ್ನು ಕೇಳಿದರೂ ಟನ್ನು, ರೇಟು, ಚೀನಾ, ಇಷ್ಟೇ ಮಾತು. ನಾನೂ ಅದನ್ನೇ ಬರೆದುಕೊಂಡು ಬರುತ್ತಿದ್ದೆ. ನಮ್ಮ ಹಿರಿಯ ಉಪಸಂಪಾದಕರೊಬ್ಬರು, ಮಾತು ಕಮ್ಮಿ, ಬಾಯಲ್ಲಿ ಯಾವಾಗಲೂ ಅಡಿಕೆ, ನನ್ನ ಕಾಪಿ ಓದಿ ತಲೆ ಎತ್ತದೆ ಕೇಳುತ್ತಿದ್ದರು: 'ನಾಳೆ ಗಣಿ ನಿಂತರೆ ಎಷ್ಟು ತಿಂಗಳು ಸಂಬಳ ಕೊಡ್ತಾನೋ?' ಉತ್ತರ ಇಲ್ಲದಿದ್ದರೆ ಕಾಪಿ ಪಕ್ಕಕ್ಕೆ. ವಾರ್ಷಿಕ ವರದಿಯನ್ನು ಅವರು ಹಿಂದಿನಿಂದ ಓದಿಸುತ್ತಿದ್ದರು. ಮೊದಲು ಟಿಪ್ಪಣಿಗಳು, ಆಮೇಲೆ ಆಡಿಟರ್ ಮಾತು, ಆಮೇಲೆ ನಗದು, ಅಧ್ಯಕ್ಷರ ಭಾಷಣ ಮನೆಗೆ ಹೋಗಿ ಓದಿಕೋ ಅನ್ನುತ್ತಿದ್ದರು. ನನಗೆ ಆಗ ಇದೆಲ್ಲ ಮುದುಕರ ಹಟ ಅನ್ನಿಸುತ್ತಿತ್ತು, ಗಣಿ ಯಾಕೆ ನಿಲ್ಲುತ್ತೆ, ಲಾರಿ ಸಾಲು ನೋಡಿದ್ದಾರಾ ಇವರು, ಅಂತ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನದ್ದೂ. ಅದಿರು ಬೆಟ್ಟದಲ್ಲಿ ಹಾಗೇ ಇತ್ತು, ಒಂದು ಟನ್ನೂ ಕಡಿಮೆಯಾಗಿರಲಿಲ್ಲ. ಆದರೆ ಕೈಯಲ್ಲಿ ನಗದು ಇದ್ದವರು ಉಳಿದರು, ಕಂತಿನ ಮೇಲೆ ಲಾರಿ ಕೊಂಡವರು ಒಂದೊಂದೇ ಮಾರಿದರು. ಆ ವಾರ ನಾನು ಬರೆದ ಕಾಪಿಯಲ್ಲಿ ಎಲ್ಲ ಅಂಕಿಗೂ ತಾರೀಖು ಇತ್ತು. ಹಿರಿಯರು ಓದಿ, ಏನೂ ಅನ್ನದೆ ಪುಟಕ್ಕೆ ಕಳಿಸಿದರು.

ಅವರು ಹೇಳಿಕೊಟ್ಟ ಆಡಿಟರ್ ಮಾತಿಗೆ ಬರುತ್ತೇನೆ. ನಿಮ್ಮ ಕಂಪನಿಯ ವಾರ್ಷಿಕ ವರದಿಯಲ್ಲಿ, ಆಡಿಟರ್ ವರದಿಯ ನಡುವೆ, ಕಂಪನಿ ಮುಂದುವರಿಯಬಲ್ಲದೇ ಎಂಬ ಬಗ್ಗೆ 'ಗಣನೀಯ ಅನಿಶ್ಚಿತತೆ' ಇದೆ ಅಂತ ಒಂದು ಪ್ಯಾರಾ ಇದೆ. ಇಂಥ ಕಂಪನಿಗಳಲ್ಲಿ ಅದು ಅಪರೂಪವಲ್ಲ, ಕಂಡ ತಕ್ಷಣ ಓಡಿಹೋಗಬೇಕು ಅಂತಲೂ ನಾನು ಹೇಳುತ್ತಿಲ್ಲ. ಆದರೆ 'ತಳಪಾಯ ಭದ್ರ' ಅಂತ ಬರೆಯುವವರು ಅದನ್ನು ಓದುಗರಿಗೆ ತೋರಿಸದೆ ಇರಬಾರದು.

ಇನ್ನು ಎರಡನೆಯದು. ನಿಮ್ಮ ಲೇಖನದ ಹೆಮ್ಮೆಯ ಸಾಲು ಇದು.

'ಹತ್ತು ಲಕ್ಷ ಟನ್ ಅದಿರು, ಟನ್ನಿಗೆ 2 ಗ್ರಾಂ ಚಿನ್ನ, ಅಂದರೆ 64,300 ಔನ್ಸ್. ಔನ್ಸಿಗೆ 4,000 ಡಾಲರ್ ಹಿಡಿದರೂ ನೆಲದಡಿ 25.7 ಕೋಟಿ ಡಾಲರ್ ಆಸ್ತಿ. ಪೇಟೆ ಕೊಡುತ್ತಿರುವುದು ಬರೀ 1.2 ಕೋಟಿ!'

ಗುಣಾಕಾರ ಸರಿಯಿದೆ. ಆಶ್ಚರ್ಯಸೂಚಕ ಚಿಹ್ನೆಯೂ ಸರಿಯಾದ ಜಾಗದಲ್ಲಿದೆ. ಉಳಿದದ್ದೆಲ್ಲ ತಪ್ಪು. ಮಂಡ್ಯದ ಯಾವ ರೈತನಾದರೂ ಗದ್ದೆಯಲ್ಲಿ ನಿಂತ ಕಬ್ಬನ್ನು ಅಂಗಡಿಯ ಸಕ್ಕರೆ ರೇಟಿನಿಂದ ಗುಣಿಸಿ ನಾನು ಇಷ್ಟು ಲಕ್ಷದ ಕುಳ ಅನ್ನುತ್ತಾನಾ? ಕಟಾವಿನ ಕೂಲಿ, ಲಾರಿ, ಕಾರ್ಖಾನೆ, ಇಳುವರಿ ಎಲ್ಲ ಅವನಿಗೆ ಗೊತ್ತು.

ಮೊದಲು 'ಅದಿರು' ಅನ್ನುವ ಮಾತು. ಕಂಪನಿಯ ಪ್ರಕಟಣೆಯಲ್ಲಿ ಆ ಹತ್ತು ಲಕ್ಷ ಟನ್‌ನಲ್ಲಿ ಹೆಚ್ಚಿನದು 'ಇನ್‌ಫರ್ಡ್' ಅಂತಿದೆ. ನೆಲದಡಿಯ ಖನಿಜದ ಅಂದಾಜನ್ನು ಹೇಗೆ ಪ್ರಕಟಿಸಬೇಕು ಅಂತ ಹೇಳುವ ಆಸ್ಟ್ರೇಲಿಯಾದ ಜಾರ್ಕ್ ನಿಯಮದಲ್ಲಿ ಇದು ತೀರಾ ಕೆಳಗಿನ ಮೆಟ್ಟಿಲು. ದೂರ ದೂರ ಕೊರೆದ ರಂಧ್ರಗಳ ನಡುವೆಯೂ ಚಿನ್ನ ಇರಬಹುದು ಎಂಬ ಅಂದಾಜು. ಇನ್ನೂ ಒತ್ತಾಗಿ ಕೊರೆದರೆ 'ಇಂಡಿಕೇಟೆಡ್', 'ಮೆಷರ್ಡ್' ಆಗಬಹುದು. ಆಮೇಲೆ ತೆಗೆದರೆ ಲಾಭವಿದೆ ಅಂತ ಅಧ್ಯಯನ ತೋರಿಸಿದರೆ ಮಾತ್ರ 'ರಿಸರ್ವ್'. ಇನ್‌ಫರ್ಡ್‌ನಿಂದ ನೇರವಾಗಿ ರಿಸರ್ವ್‌ಗೆ ಹಾರಲು ನಿಯಮವೇ ಬಿಡುವುದಿಲ್ಲ. ನೀವು ಒಂದೇ ವಾಕ್ಯದಲ್ಲಿ ಹಾರಿದಿರಿ.

ಆಮೇಲೆ ಖರ್ಚು. ಒಂದು ಟನ್ ಅದಿರಿಗೆ ಎಷ್ಟು ಟನ್ ಬರೀ ಕಲ್ಲು ಎತ್ತಿ ಹಾಕಬೇಕು? ಆ ಕಂಪನಿಗೆ ಅದಿರು ಅರೆಯುವ ಗಿರಣಿ ಇಲ್ಲ. ಕಲ್‌ಗೂರ್ಲಿ ಸುತ್ತಲಿನ ಸಣ್ಣ ಕಂಪನಿಗಳಲ್ಲಿ ಹಲವು ಮಾಡುವ ಹಾಗೆ ಬೇರೆಯವರ ಗಿರಣಿಗೆ ಲಾರಿಯಲ್ಲಿ ಸಾಗಿಸಿ, ಟನ್ನಿಗೆ ಇಷ್ಟು ಅಂತ ಕೊಟ್ಟು ಅರೆಸಬೇಕು. ಗಿರಣಿ ಎಷ್ಟು ಕಿಲೋಮೀಟರ್ ದೂರ? ಅಲ್ಲಿ ಜಾಗ ಖಾಲಿ ಇದೆಯಾ? ಅದಿರಿನಲ್ಲಿರುವ ಚಿನ್ನದಲ್ಲಿ ಶೇ ಎಷ್ಟು ಹೊರಬರುತ್ತದೆ? ರಾಯಲ್ಟಿ? ಕೊನೆಗೆ ಗುಂಡಿ ಸರಿಮಾಡುವ ಖರ್ಚು? ಇದೆಲ್ಲ ಕಳೆದ ಮೇಲೆ ಉಳಿಯುವುದು ಆಸ್ತಿ. ಕೆಲವೊಮ್ಮೆ ಏನೂ ಉಳಿಯುವುದಿಲ್ಲ.

ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕೋಲಾರದ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಚಿನ್ನ ಪೂರ್ತಿ ಖಾಲಿಯಾಗಿತ್ತು ಅಂತಲ್ಲ. ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದಾಗಿತ್ತು, ಟನ್ನಿಗೆ ಸಿಗುವ ಚಿನ್ನ ಹಳೆಯ ಕಾಲಕ್ಕಿಂತ ತೀರಾ ಕಡಿಮೆಯಾಗಿತ್ತು, ಮೇಲೆ ತರುವ ಖರ್ಚು ಮಾರಿದ ಬೆಲೆಗಿಂತ ಜಾಸ್ತಿಯಾಗಿತ್ತು. ಕೆಜಿಎಫ್ ನೋಡಿದ ನಾಡಿನವರು ನೆಲದಡಿಯ ಚಿನ್ನಕ್ಕೆ ಆಭರಣದ ಅಂಗಡಿಯ ಬೆಲೆ ಹಾಕಿದರೆ ನನಗೆ ಸಹಿಸೋಕಾಗಲ್ಲ, ಅಷ್ಟೇ.

ನಿಮ್ಮದೇ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಿಕ್ಕಲ್ ಹುಡುಕಿದ ಪೊಸೈಡನ್ ಕಂಪನಿಯ ಕಥೆಯಿಂದ ಲೇಖನ ಶುರು ಮಾಡಿದ್ದೀರಿ. 1969ರ ಸೆಪ್ಟೆಂಬರಿನಲ್ಲಿ 80 ಸೆಂಟ್ ಇದ್ದ ಷೇರು 1970ರ ಫೆಬ್ರವರಿಯಲ್ಲಿ 280 ಡಾಲರ್. ಅಲ್ಲಿಗೇ ಬಿಟ್ಟಿರಿ! ವಿಂಡಾರಾದಲ್ಲಿ ನಿಕ್ಕಲ್ ಸಿಕ್ಕಿದ್ದು ಸುಳ್ಳಲ್ಲ, ಗಣಿ ಕೂಡ ಆಯಿತು. ಅದಿರಿನ ಗುಣಮಟ್ಟ ಅಂದುಕೊಂಡಷ್ಟು ಇರಲಿಲ್ಲ, ಅಷ್ಟರಲ್ಲಿ ನಿಕ್ಕಲ್ ಬೆಲೆ ಇಳಿದಿತ್ತು, 1976ರಲ್ಲಿ ಕಂಪನಿ ಷೇರುಪೇಟೆಯಿಂದಲೇ ಹೊರಬಿತ್ತು. ನಿಜವಾದ ಲೋಹ ಸಿಕ್ಕಿದ ಕಂಪನಿಯ ಗತಿ ಇದು. ಕಥೆ ಹೇಳುವುದಾದರೆ ಪೂರ್ತಿ ಹೇಳಿ, ಇಲ್ಲದಿದ್ದರೆ ಆ ಪ್ಯಾರಾ ತೆಗೆಯಿರಿ.

ಮತ್ತೆ ಬರೆಯುವುದಾದರೆ, ಬರೆಯಿರಿ ಅಂತಲೇ ನನ್ನ ಆಸೆ, ಸೆಪ್ಟೆಂಬರಿನ 5ಬಿಯಿಂದ ಶುರು ಮಾಡಿ. ಅದರ 6ನೇ ಭಾಗದಲ್ಲಿ ನಿರ್ದೇಶಕರಿಗೂ ಅವರ ಸಂಬಂಧಪಟ್ಟವರಿಗೂ ಹೋದ ದುಡ್ಡು ಇರುತ್ತದೆ, ಅದನ್ನು ಡ್ರಿಲ್ಲಿಂಗ್‌ಗೆ ಹೋದ ದುಡ್ಡಿನ ಪಕ್ಕ ಇಡಿ. ಷೇರುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೇಗೆ ಬೆಳೆಯಿತು ಅಂತ ಒಂದು ಸಣ್ಣ ಪಟ್ಟಿ ಕೊಡಿ. ನೆಲದಡಿಯ ಕೋಟಿಗಳ ಗುಣಾಕಾರ ಪೂರ್ತಿ ತೆಗೆಯಿರಿ. ಕೊನೆಯ ಸಾಲಿನಲ್ಲಿ 'ಅಂದಹಾಗೆ, ನಾನೂ ಕೊಂಡಿದ್ದೇನೆ' ಅಂತ ಬರೆದಿದ್ದೀರಲ್ಲ, ಅದು ಮೊದಲ ಪ್ಯಾರಾಕ್ಕೆ ಬರಬೇಕು, ಎಷ್ಟು ಕೊಂಡಿದ್ದೀರಿ ಅನ್ನುವುದರ ಸಮೇತ.

ಸಾವಿರ ಪದ ಸಾಕು. ನುಡಿ ಫಾಂಟ್ ಬೇಡ, ಯೂನಿಕೋಡ್‌ನಲ್ಲಿ ಕಳಿಸಿ. ಡಿಸೆಂಬರಿನ 5ಬಿ ಜನವರಿ ಕೊನೆಯೊಳಗೆ ಬರುತ್ತದೆ, ಅದನ್ನು ನೋಡಿಕೊಂಡೇ ಕಳಿಸಿದರೆ ಇನ್ನೂ ಒಳ್ಳೆಯದು.